ಹೊದಿಕೆ: ಮಣ್ಣಿನ ಮೇಲೆ ಇರುವಷ್ಟು ಹೊತ್ತು

ತುಮಕೂರಿನ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ನಿಂತು "ಮಲ್ಚಿಂಗ್‌ಗೆ ಏನಾದರೂ ಬೇಕಿತ್ತು" ಎಂದೆ. ಅಂಗಡಿಯವರು ತಲೆಯೆತ್ತದೆ "ಎಷ್ಟು ಮೈಕ್ರಾನ್ ಸರ್? ಎಷ್ಟು ಎಕರೆ?" ಎಂದು ಕೇಳಿದರು. ನನಗೆ ಬೇಕಿದ್ದದ್ದು ಗಿಡಗಳ ಬುಡದ ಮಣ್ಣಿಗೆ ಹೊದಿಸಲು ಏನಾದರೊಂದು. ನನ್ನದು ಮನೆ ಮುಂದಿನ ಹತ್ತಡಿ ಅಗಲದ ಜಾಗ. ನಾಲ್ಕು ಬದನೆ, ಆರು ಟೊಮೆಟೊ, ಒಂದು ಕರಿಬೇವು, ಒಂದು ದಾಸವಾಳ, ಮೂಲೆಯಲ್ಲೊಂದು ತೆಂಗು. ಇದಕ್ಕೆ ಎಕರೆಯ ಲೆಕ್ಕ ಹೇಳುವುದು ಹೇಗೆ? "ಆಮೇಲೆ ಬರುತ್ತೇನೆ" ಎಂದು ಹೊರಟೆ. ದಾರಿಯಲ್ಲಿ ಯಾರೋ ಹೊಂಗೆ ಎಲೆಯನ್ನು ಗುಡಿಸಿ ಗುಡ್ಡೆ ಮಾಡಿ ಬೆಂಕಿ ಹಚ್ಚಿದ್ದರು. ನಾನು ಕೊಳ್ಳಲು ಹೋಗಿದ್ದ ವಸ್ತು ಅಲ್ಲಿ ಹೊಗೆಯಾಡುತ್ತಿತ್ತು.

ಅಂಗಡಿಯವರದು ತಪ್ಪೇನಿಲ್ಲ. ನಮ್ಮ ಕಡೆ ಮಲ್ಚಿಂಗ್ ಎಂದರೆ ಈಗ ಒಂದೇ ಅರ್ಥ. ಕೋಲಾರ, ಚಿಂತಾಮಣಿ ಕಡೆ ಬಸ್ಸಿನಲ್ಲಿ ಹೋದವರೆಲ್ಲ ನೋಡಿರುತ್ತಾರೆ: ಕೆಂಪು ಮಣ್ಣಿನ ಏರುಮಡಿಗಳ ಮೇಲೆ ಬೆಳ್ಳಿಯ ಪಟ್ಟಿ ಎಳೆದಂತೆ ಹೊಳೆಯುವ ಹಾಳೆ, ಅದರ ರಂಧ್ರಗಳಿಂದ ತಲೆ ಹಾಕಿರುವ ಟೊಮೆಟೊ ಸಸಿ. ಅದನ್ನು ಮಲ್ಚಿಂಗ್ ಪೇಪರ್ ಎನ್ನುತ್ತಾರೆ. ಹೆಸರಿಗೆ ಪೇಪರ್, ಇರುವುದು ಪ್ಲಾಸ್ಟಿಕ್. ತರಕಾರಿಗೆ ಸಾಮಾನ್ಯವಾಗಿ 25ರಿಂದ 30 ಮೈಕ್ರಾನ್ ದಪ್ಪದ್ದು, ನಾಲ್ಕಡಿ ಅಗಲದ್ದು, 400 ಮೀಟರ್ ಉದ್ದದ ಸುರುಳಿಯಲ್ಲಿ ಬರುತ್ತದೆ. ಮೇಲ್ಮುಖ ಬೆಳ್ಳಿ, ಕೆಳಮುಖ ಕಪ್ಪು. ಬೆಳ್ಳಿಯ ಮುಖ ಬೆಳಕನ್ನು ಮೇಲಕ್ಕೆ ತಿರುಗಿಸಿ ನುಸಿ, ಬಿಳಿನೊಣಗಳನ್ನು ಒಂದಿಷ್ಟು ಗಲಿಬಿಲಿಗೊಳಿಸುತ್ತದೆ. ಕಪ್ಪು ಮುಖ ಕೆಳಗೆ ಕತ್ತಲು ಮಾಡಿ ಕಳೆಯನ್ನು ತಡೆಯುತ್ತದೆ. ಹಾಳೆಯ ಅಡಿಯಲ್ಲಿ ಹನಿ ನೀರಾವರಿಯ ಪೈಪು. ಬೋರ್‌ವೆಲ್‌ನ ಒಂದಿಂಚು ನೀರನ್ನು ನಂಬಿ ಬೇಸಾಯ ಮಾಡುವವರಿಗೆ ಈ ಏರ್ಪಾಡು ಎಂಥ ಆಸರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಳೆ ಮುಗಿದ ಮೇಲೆ ಹರಿದ ಚೂರುಗಳು ಹೊಲದಲ್ಲೇ ಉಳಿಯುತ್ತವೆ, ಗಾಳಿಗೆ ಹಾರಿ ಬೇಲಿಗೆ ಸಿಕ್ಕಿಕೊಳ್ಳುತ್ತವೆ. ಮೇಲಾಗಿ ಅದು ಎಷ್ಟು ವರ್ಷ ಮುಚ್ಚಿದರೂ ಮಣ್ಣಿಗೆ ಒಂದು ಚಿಟಿಕೆ ಸತ್ವ ಸೇರಿಸುವುದಿಲ್ಲ. ಆರು ಟೊಮೆಟೊ ಗಿಡಕ್ಕಂತೂ ಅದು ಬೇಡವೇ ಬೇಡ.

ಪ್ಲಾಸ್ಟಿಕ್ ಬರುವುದಕ್ಕೆ ಎಷ್ಟೋ ಮೊದಲಿನ ಪದ ಇದು. ಇಂಗ್ಲಿಷಿನ 'ಮಲ್ಚ್' ಹುಟ್ಟಿದ್ದು ಮೆತ್ತಗಿನದು, ಮೃದುವಾದದ್ದು ಎಂಬ ಅರ್ಥದ ಹಳೆಯ ಪದದಿಂದ. ಅರೆ ಕೊಳೆತ ಹುಲ್ಲು-ಎಲೆಗಳ ಮೆತ್ತನೆಯ ರಾಶಿ ಅದರ ಮೂಲ ಚಿತ್ರ. ಕನ್ನಡದಲ್ಲಿ ಕೃಷಿ ಬರಹಗಳು 'ಮುಚ್ಚಿಗೆ' ಎಂದೂ 'ಹೊದಿಕೆ' ಎಂದೂ ಬರೆಯುತ್ತವೆ. ಮುಚ್ಚಿಗೆ ಎಂದರೆ ಹಳೆಯ ಮನೆಗಳಲ್ಲಿ ಹಲಗೆ ಹಾಸಿದ ಒಳಮಾಳಿಗೆಯೂ ಹೌದು. ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿಯನ್ನು ಅನುಸರಿಸುವವರು 'ಆಚ್ಛಾದನ' ಎನ್ನುತ್ತಾರೆ. ಬೀಜಕ್ಕೆ ಹಚ್ಚುವ ಬೀಜಾಮೃತ, ಮಣ್ಣಿಗೆ ಹಾಕುವ ಜೀವಾಮೃತ, ಮಣ್ಣಿನಲ್ಲಿ ಗಾಳಿ-ತೇವದ ಹದವೆಂಬ ವಾಪ್ಸಾಗಳ ಜೊತೆಗೆ ಅದು ಆ ಪದ್ಧತಿಯ ನಾಲ್ಕು ಆಧಾರಗಳಲ್ಲಿ ಒಂದು. ನನ್ನ ಮತ ಹೊದಿಕೆಗೆ. ಕಂಬಳಿ ಹೊದಿಸುತ್ತೇವೆ, ಶಾಲು ಹೊದಿಸುತ್ತೇವೆ. ಹೊದಿಸಿದ್ದು ಮೈಮೇಲೆ ಇರುತ್ತದೆ, ಮೈಯೊಳಗೆ ಹೋಗುವುದಿಲ್ಲ. ಬೇಡವಾದಾಗ ತೆಗೆಯಲೂ ಬರುತ್ತದೆ. ಈ ಪದವನ್ನು ಅರ್ಥ ಮಾಡಿಕೊಂಡವರಿಗೆ ಕೆಲಸದ ಅರ್ಧ ತಾನಾಗಿಯೇ ತಿಳಿಯುತ್ತದೆ.

ಇದು ನನಗೆ ತಿಳಿದದ್ದು ಎಡವಿದ ಮೇಲೆ. ಮರ ಕೊಯ್ಯುವ ಮಿಲ್ಲಿನಿಂದ ಎರಡು ಚೀಲ ಹಸಿ ಹೊಟ್ಟು ತಂದು, ಮಣ್ಣು ಸಡಿಲವಾಗಲಿ ಎಂಬ ಆಸೆಯಿಂದ ಬದನೆ ಮಡಿಯಲ್ಲಿ ಅಗೆದು ಬೆರೆಸಿದ್ದೆ. ಮೂರೇ ವಾರಕ್ಕೆ ಗಿಡಗಳು ಕಾಮಾಲೆ ಬಂದವರಂತೆ ಹಳದಿಯಾದವು. ಆದದ್ದು ಇಷ್ಟು. ಮಣ್ಣಿನ ಸೂಕ್ಷ್ಮಜೀವಿಗಳು ಕಸವನ್ನು ಕೊಳೆಸಬೇಕಾದರೆ ಸುಮಾರು 25 ಪಾಲು ಇಂಗಾಲಕ್ಕೆ 1 ಪಾಲಿನಂತೆ ಸಾರಜನಕ ಬೇಕು. ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ ಮುನ್ನೂರು, ನಾನೂರು ಪಾಲಿನಷ್ಟಿರುತ್ತದೆ. ಕೊರತೆಯನ್ನು ಅವು ಸುತ್ತಲ ಮಣ್ಣಿನಿಂದ ತುಂಬಿಕೊಂಡವು. ಬದನೆಯ ಬೇರಿಗೆ ಏನೂ ಉಳಿಯಲಿಲ್ಲ. ಅದೇ ಹೊಟ್ಟನ್ನು ಮಣ್ಣಿನ ಮೇಲೆ ತೆಳುವಾಗಿ ಹರಡಿದ್ದರೆ, ಈ ಸೆಳೆತ ಹೊಟ್ಟು ಮಣ್ಣಿಗೆ ತಾಗುವ ತೆಳುಪದರಕ್ಕಷ್ಟೇ ಸೀಮಿತವಾಗುತ್ತಿತ್ತು. ಕೆಳಗಿನ ಬೇರಿಗೆ ಬಿಸಿ ತಟ್ಟುತ್ತಿರಲಿಲ್ಲ. ಗೊಬ್ಬರವನ್ನು ಬೆರೆಸಬಹುದು. ಹೊದಿಕೆಯನ್ನು ಬೆರೆಸಿದರೆ ಅದು ಹೊದಿಕೆಯಲ್ಲ, ಗೊಬ್ಬರವೂ ಅಲ್ಲ, ಪಂಕ್ತಿಯಲ್ಲಿ ಬಂದು ಕುಳಿತ ಕರೆಯದ ನೆಂಟ.

ಹೊದಿಸುವುದೇಕೆ? ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ಮೂರು ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಆಮೇಲೆ ಏಪ್ರಿಲ್‌ನ ಗುಡುಗು ಮಳೆಯ ತನಕ ಬಾನು ಬರಿದು. ಬೆತ್ತಲೆ ಕೆಮ್ಮಣ್ಣಿನ ಮೇಲೆ ಮಾರ್ಚ್ ತಿಂಗಳ ಹನ್ನೊಂದು ಗಂಟೆಗೆ ಬರಿಗಾಲಿಟ್ಟು ನೋಡಿ. ಅಲ್ಲೇ ಪಕ್ಕದಲ್ಲಿ ತರಗೆಲೆಯ ಅಡಿಗೆ ಬೆರಳು ತೂರಿಸಿ ನೋಡಿ. ವಿವರಣೆ ಬೇಕಾಗುವುದಿಲ್ಲ. ಮೇಲ್ಮಣ್ಣು ಒಣಗಿದಂತೆ ಕೆಳಗಿನ ತೇವ ಸಣ್ಣ ಸಣ್ಣ ಸಂದುಗಳ ಮೂಲಕ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮೇಲೇರಿ ಆವಿಯಾಗುತ್ತದೆ. ಹೊದಿಕೆ ಬಿಸಿಲನ್ನೂ ಗಾಳಿಯನ್ನೂ ತಡೆದು ಈ ಸೋರಿಕೆಯನ್ನು ನಿಧಾನಿಸುತ್ತದೆ. ಮಳೆಗಾಲದಲ್ಲಿ ಅದರ ಕೆಲಸ ಬೇರೆ. ದಪ್ಪ ಹನಿ ನೇರವಾಗಿ ಬಡಿದಾಗ ಕೆಂಪು ಮಣ್ಣಿನ ಹರಳು ಒಡೆದು, ಸಂದು ಮುಚ್ಚಿ, ಒಣಗಿದ ಮೇಲೆ ರೊಟ್ಟಿಯಂಥ ಹೆಪ್ಪು ಕಟ್ಟುತ್ತದೆ. ಮುಂದಿನ ಮಳೆ ಇಂಗದೆ ಹರಿದುಹೋಗುತ್ತದೆ. ಹೊದಿಕೆ ಆ ಪೆಟ್ಟನ್ನು ತಾನು ತಿನ್ನುತ್ತದೆ. ಟೊಮೆಟೊದ ಕೆಳ ಎಲೆಗಳಿಗೆ ಕೆಸರು ಸಿಡಿಯುವುದೂ ನಿಲ್ಲುತ್ತದೆ. ಅಂಗಮಾರಿಯಂಥ ರೋಗಗಳು ಮಣ್ಣಿನಿಂದ ಎಲೆಗೆ ಏರುವುದು ಬಹುಪಾಲು ಆ ಸಿಡಿತದಿಂದಲೇ. ಕಳೆ ಕಡಿಮೆಯಾಗುವುದು ಎಲ್ಲರಿಗೂ ಕಾಣುವ ಲಾಭವಾದ್ದರಿಂದ ಅದನ್ನು ಬೆಳೆಸಿ ಹೇಳುವುದಿಲ್ಲ; ಆದರೆ ಗರಿಕೆ ಮತ್ತು ಕೊನ್ನಾರಿ ಹೊದಿಕೆಗೆ ಸುಲಭವಾಗಿ ಜಗ್ಗುವುದಿಲ್ಲ ಎಂಬ ಎಚ್ಚರಿಕೆ ಇರಲಿ.

ವಿಚಿತ್ರವೆಂದರೆ, ಏನನ್ನೂ ತಂದು ಹಾಕದೆಯೂ ಹೊದಿಸಬಹುದು. ಮಳೆ ಬಿದ್ದು ಹದವಾದ ಮೇಲೆ ರಾಗಿ ಹೊಲದ ಸಾಲುಗಳ ನಡುವೆ ಕುಂಟೆ ಹೊಡೆಯುತ್ತಾರಲ್ಲ, ಅದು ಕಳೆಗೆ ಮಾತ್ರವಲ್ಲ. ಮೇಲಿನ ಒಂದೆರಡು ಅಂಗುಲ ಮಣ್ಣು ಪುಡಿಯಾದಾಗ ಆ ಬತ್ತಿಯ ಎಳೆ ತುಂಡಾಗುತ್ತದೆ; ಪುಡಿ ಒಣಗಿದರೂ ಅದರಡಿಯ ತೇವ ಬೇಗ ಹೊರಬರುವುದಿಲ್ಲ. ಕೃಷಿ ಪಾಠಗಳಲ್ಲಿ ಇದಕ್ಕೆ ದೂಳಿನ ಹೊದಿಕೆ ಎಂದೇ ಹೆಸರು. ಹಾಗೆಯೇ ಜೀವಂತ ಹೊದಿಕೆಯೂ ಉಂಟು. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ಬಿಡುವ ಅಲಸಂದೆ, ಬರಿ ನೆಲದಲ್ಲಿ ಹಬ್ಬುವ ಹುರುಳಿ ನೆಲಕ್ಕೆ ನೆರಳಾಗುತ್ತವೆ. ಮನೆಯಲ್ಲಿ ಕರಿಬೇವಿನ ಸುತ್ತ ಗೆಣಸಿನ ಬಳ್ಳಿ ಬಿಟ್ಟರೆ ಅದೇ ಆಯಿತು. ಬಳ್ಳಿಯೂ ನೀರು ಕುಡಿಯುತ್ತದೆ ಎಂಬುದು ಲೆಕ್ಕದಲ್ಲಿರಬೇಕು, ಅಷ್ಟೇ.

ಇನ್ನು ಏನನ್ನು ಆರಿಸುವುದು? ದೂರದಿಂದ ತರಿಸಬೇಕಾದ ಹೊದಿಕೆ ಬೇಡ ಎನ್ನುವವನು ನಾನು. ಪೇಟೆಯಲ್ಲಿ ಮೂಟೆ ಕಟ್ಟಿ ಮಾರುವ, ಬಣ್ಣ ಹಾಕಿದ ಮರದ ಚಕ್ಕೆ ನೋಡಲು ಚೆನ್ನ. ದುಡ್ಡಿದ್ದವರ ಹುಲ್ಲುಹಾಸಿನ ಅಂಚಿಗೆ ಇರಲಿ. ನಮ್ಮಲ್ಲಿ ಶಿವರಾತ್ರಿಯ ಆಸುಪಾಸಿನಲ್ಲಿ ಹೊಂಗೆ ತನ್ನ ಎಲೆಯನ್ನೆಲ್ಲ ಕಳಚಿ, ಯುಗಾದಿಯ ಹೊತ್ತಿಗೆ ಚಿಗುರಿ ನಿಲ್ಲುತ್ತದೆ. ದ್ವಿದಳ ಜಾತಿಯ ಮರ. ಎಲೆ ಬೇಗ ಕೊಳೆಯುತ್ತದೆ, ಮಣ್ಣಿಗೆ ಹಿತ. ನೆಲ ಹೊದಿಕೆ ಬೇಡುವ ಬೇಸಗೆಯ ಬಾಗಿಲಲ್ಲೇ ಅದು ಉದುರುತ್ತದೆ. ನಾವು ಅದನ್ನೇ ಸುಡುತ್ತೇವೆ. ಶ್ರೀನಿವಾಸಪುರದ ಕಡೆಯವರಿಗೆ ಮಾವಿನೆಲೆಗೆ ಬರವಿಲ್ಲ. ಅದು ತೊಗಲಿನಂತೆ ದಪ್ಪ, ಕೊಳೆಯಲು ನಿಧಾನ. ಹಾಗಾಗಿ ಮರದ ಬುಡಕ್ಕೆ ಒಳ್ಳೆಯದು, ತರಕಾರಿ ಮಡಿಗೆ ಮುರಿದು ಹಾಕಬೇಕು. ನೀಲಗಿರಿ ಎಲೆ ಬೇಕಾದಷ್ಟು ಸಿಗುತ್ತದೆ, ಆದರೆ ಅದರಲ್ಲಿರುವ ಎಣ್ಣೆಯಂಶ ಎಳೆಯ ಸಸಿಗೂ ಮೊಳಕೆಗೂ ಆಗದು. ಬೇಲಿಯಲ್ಲಿ ಗ್ಲಿರಿಸಿಡಿಯ, ಅಂದರೆ ಗೊಬ್ಬರದ ಗಿಡ, ಇದ್ದವರು ಪುಣ್ಯವಂತರು. ಹಸಿ ಸೊಪ್ಪು ಸವರಿ ಹಾಕಿದರೆ ಕೆಲವೇ ವಾರಗಳಲ್ಲಿ ಕರಗಿ ಸಾರಜನಕ ಕೊಡುತ್ತದೆ. ಕರಗುವುದರಿಂದಲೇ ಮತ್ತೆ ಮತ್ತೆ ಹಾಕಬೇಕು.

ರಾಗಿ ಹುಲ್ಲು ಹೊದಿಕೆಗೆ ಬಲು ಚೆಂದ, ಆದರೆ ನನಗೆ ಅದನ್ನು ನೆಲಕ್ಕೆ ಹಾಕಲು ಕೈ ಬರುವುದಿಲ್ಲ. ಬೇಸಗೆಯಲ್ಲಿ ದನದ ಮುಂದೆ ಇರಬೇಕಾದ್ದು ಅದು. ಮಳೆಗೆ ನೆಂದು ಕಪ್ಪಾಗಿ ದನ ಮೂಸದ ಹುಲ್ಲಿದ್ದರೆ ಧಾರಾಳವಾಗಿ ಬಳಸಿ. ಅದರಲ್ಲಿ ಉಳಿದ ಕಾಳು ಮೊಳೆತರೆ ಕಿತ್ತುಹಾಕಿದರಾಯಿತು. ಪಾವಗಡ, ಶಿರಾ, ಮಧುಗಿರಿಯ ಕಡೆ ಕಡಲೆಕಾಯಿ ಸಿಪ್ಪೆ ಸುಲಭ. ಹಗುರ, ಗಾಳಿಯಾಡುತ್ತದೆ, ಒಂದು ವರ್ಷ ಬಾಳುತ್ತದೆ; ಆಷಾಢದ ಗಾಳಿಗೆ ಮಾತ್ರ ಪಕ್ಕದ ಮನೆಯಂಗಳ ಸೇರುತ್ತದೆ, ಆದ್ದರಿಂದ ಹಾಕಿದ ಕೂಡಲೇ ನೀರು ಚಿಮುಕಿಸಬೇಕು. ಶಿಡ್ಲಘಟ್ಟ, ಚಿಂತಾಮಣಿಯ ಹುಳುಮನೆಗಳಲ್ಲಿ ಹುಳು ಮೇದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಕಂತೆಗಟ್ಟಲೆ ಉಳಿಯುತ್ತದೆ. ಕಡ್ಡಿ ಕತ್ತರಿಸಿ ಹಾಸಬಹುದು. ಹಿಕ್ಕೆ ಬೆರೆತ ಹಸಿ ಕಸವನ್ನು ಮಾತ್ರ ಮೊದಲು ಗುಂಡಿಯಲ್ಲಿ ಕೊಳೆಸಿ. ಅದು ಗೊಬ್ಬರದ ಜಾತಿ.

ತಿಪಟೂರು, ಗುಬ್ಬಿ, ತುರುವೇಕೆರೆಯ ತೆಂಗಿನವರಿಗೆ ಹೊದಿಕೆ ಮರದ ಬುಡದಲ್ಲೇ ಬಿದ್ದಿರುತ್ತದೆ. ಬುಡದಿಂದ ಸುತ್ತಲೂ ಸುಮಾರು ಆರಡಿ ದೂರದವರೆಗಿನ ಪಾತಿಗೆ ನೂರು ಕಾಯಿ ಮಟ್ಟೆಗಳನ್ನು ಉಬ್ಬಿದ ಮುಖ ಮೇಲಾಗಿ ಜೋಡಿಸುವುದು, ಇಲ್ಲವೇ ಹದಿನೈದು ಒಣಗರಿ ಹಾಸುವುದು ತೆಂಗಿನ ಬೇಸಾಯದಲ್ಲಿ ಬಹುಕಾಲದ ಶಿಫಾರಸು. ಆರಡಿ ಎಂದದ್ದು ಮರದಿಂದ ಅಂಚಿಗೆ, ಅಂಚಿನಿಂದ ಅಂಚಿಗಲ್ಲ. ಮಟ್ಟೆಯಿಂದ ನಾರು ತೆಗೆದಾಗ ಉಳಿಯುವ ಪುಡಿಯನ್ನು ಅಂಗಡಿಯಲ್ಲಿ ಕೋಕೋಪೀಟ್ ಎಂದು ಇಟ್ಟಿಗೆ ಮಾಡಿ ಮಾರುತ್ತಾರೆ. ಕುಂಡಗಳಿಗೆ ಒಂದಂಗುಲ ಹರಡಲು ಅದು ಸರಿ. ನೆಲಕ್ಕೆ ದಪ್ಪವಾಗಿ ಹಾಕಿದರೆ ಸಣ್ಣ ಮಳೆಯ ನೀರನ್ನೆಲ್ಲ ತಾನೇ ಹೀರಿ, ಕೆಳಗಿನ ಮಣ್ಣನ್ನು ಒಣಗಲು ಬಿಡುತ್ತದೆ. ಮೇಲೆ ಮುಟ್ಟಿದರೆ ತಂಪು, ಕೆಳಗೆ ಅಗೆದರೆ ದೂಳು: ಹೊಸಬರನ್ನು ಇಷ್ಟು ಮೋಸಗೊಳಿಸುವ ಹೊದಿಕೆ ಇನ್ನೊಂದಿಲ್ಲ.

ಹಾಕುವ ಕ್ರಮದಲ್ಲಿ ಮೂರು ಮಾತು ಮುಖ್ಯ. ಒಣನೆಲವನ್ನು ಹೊದಿಸಬೇಡಿ, ಹೊದಿಕೆ ಇದ್ದದ್ದನ್ನು ಇದ್ದಂತೆ ಕಾಯುತ್ತದೆ, ಒಣಗನ್ನೂ ಸಹ. ಹಿಂಗಾರು ಮುಗಿಯುವ ಹೊತ್ತಿಗೆ, ಸ್ವಾತಿ ಮಳೆಯ ತೇವ ನೆಲದಲ್ಲಿರುವಾಗ ಹಾಕಿದರೆ ಲಾಭ ದುಪ್ಪಟ್ಟು. ಆಗ ತಪ್ಪಿದರೆ ಕೊಡದಿಂದ ನಿಧಾನವಾಗಿ, ಮೊಣಕೈ ಉದ್ದದ ಆಳಕ್ಕೆ ನೆಲ ನೆನೆಯುವಷ್ಟು ನೀರು ಕೊಟ್ಟು ಆಮೇಲೆ ಹಾಕಿ. ದಪ್ಪ ಎಷ್ಟೆಂದರೆ, ಒರಟು ಎಲೆ-ಹುಲ್ಲಾದರೆ ಮೂರು ನಾಲ್ಕು ಅಂಗುಲ, ಅದು ಕೂತು ಎರಡಾಗುತ್ತದೆ. ಹೊಟ್ಟು, ಪುಡಿಯಾದರೆ ಒಂದಂಗುಲ ಸಾಕು. ಹಸಿ ಹುಲ್ಲನ್ನು ದಪ್ಪ ಹಾಕಿದರೆ ಬೆವತು ನಾರುತ್ತದೆ. ಮೂರನೆಯದು, ಕಾಂಡಕ್ಕೆ ತಾಗಿಸಬೇಡಿ. ತರಕಾರಿ ಗಿಡದಿಂದ ಮೂರು ಅಂಗುಲ, ಮರದಿಂದ ಅರ್ಧ ಅಡಿ ಬಿಟ್ಟು ಬಳೆಯಂತೆ ಸುತ್ತ ಹಾಕಬೇಕು. ಗಿಡಕ್ಕೆ ಚಳಿಯೇನೋ ಎಂಬಂತೆ ಕುತ್ತಿಗೆಯವರೆಗೆ ಎಲೆ ಒತ್ತುವವರನ್ನು ನೋಡಿದ್ದೇನೆ. ತೇವ ನಿಂತು ತೊಗಟೆ ಕೊಳೆಯುತ್ತದೆ. ಪಪ್ಪಾಯಿಯಂತೂ ಒಂದೇ ಮಳೆಗಾಲದಲ್ಲಿ ಮಲಗಿಬಿಡುತ್ತದೆ.

ದೋಷಗಳಿಲ್ಲವೇ? ಇವೆ. ಕೆಮ್ಮಣ್ಣಿನಲ್ಲಿ ಒಣ ಹೊದಿಕೆಗೆ ಗೆದ್ದಲು ಬಂದೇ ಬರುತ್ತದೆ. ಅದಕ್ಕೆ ಬೇಕಿರುವುದು ಹೆಚ್ಚಾಗಿ ಸತ್ತ ಒಣಕಸವೇ. ಕಾಂಡದ ಸುತ್ತ ಬಿಟ್ಟ ಜಾಗ ಇಲ್ಲಿಯೂ ಕಾಯುತ್ತದೆ, ಒಂದು ಹಿಡಿ ಬೇವಿನ ಹಿಂಡಿ ಉದುರಿಸಿದರೆ ಇನ್ನೂ ನಿಶ್ಚಿಂತೆ. ಮಳೆಗಾಲದಲ್ಲಿ ಬಸವನಹುಳುಗಳು ಹೊದಿಕೆಯಡಿ ಹಗಲೆಲ್ಲ ಮಲಗಿ ರಾತ್ರಿ ಊಟಕ್ಕೆ ಏಳುತ್ತವೆ. ಅವು ಕಂಡಾಗ ಹೊದಿಕೆಯನ್ನು ಕೆಲವು ದಿನ ಸರಿಸಿ ನೆಲಕ್ಕೆ ಬಿಸಿಲು ಕಾಣಿಸಬೇಕು. ಮನೆಯ ಗೋಡೆಗೆ ಒತ್ತಿ ಗುಡ್ಡೆ ಹಾಕಿದರೆ ಚೇಳು, ಹಾವು ಬಾಡಿಗೆ ಕೇಳದೆ ಬಂದು ಸೇರಿಕೊಳ್ಳುತ್ತವೆ. ಪಾರ್ಥೇನಿಯಂ ಬಳಸುವುದಾದರೆ ಹೂ ಬಿಡುವ ಮೊದಲೇ ಕಿತ್ತದ್ದು ಮಾತ್ರ, ಅದೂ ಕೈಗೆ ಗವುಸು ಹಾಕಿಕೊಂಡು.

ತೆಗೆಯಬೇಕಾದ ಹೊತ್ತಿನ ವಿಚಾರ ಒಟ್ಲು ಹಾಕುವವರಿಗೆ ಚೆನ್ನಾಗಿ ಗೊತ್ತು. ಬೀಜ ಚೆಲ್ಲಿದ ಸಸಿಮಡಿಯ ಮೇಲೆ ತೆಳುವಾಗಿ ಹುಲ್ಲು ಹರಡಿ, ಅದರ ಮೇಲೆಯೇ ನೀರು ಚಿಮುಕಿಸುತ್ತಾರೆ. ನಮ್ಮಮ್ಮ ಕೊತ್ತಂಬರಿ ಮಡಿಗೂ ಹೀಗೆಯೇ ಮಾಡುತ್ತಿದ್ದರು. ಐದಾರು ದಿನ ಕಳೆದ ಮೇಲೆ ದಿನಾ ಸಂಜೆ ಮೂಲೆಯಲ್ಲಿ ಹುಲ್ಲೆತ್ತಿ ಇಣುಕುವುದು, ಮತ್ತೆ ಮುಚ್ಚುವುದು. ಬೆಳ್ಳಗೆ ಕೊಕ್ಕೆಯಂತೆ ಬಾಗಿದ ಮೊಳಕೆ ಅಲ್ಲೊಂದು ಇಲ್ಲೊಂದು ಕಂಡ ದಿನವೇ, ಬಿಸಿಲಿಳಿದ ಮೇಲೆ, ಹುಲ್ಲನ್ನು ಎಳೆ ಎಳೆಯಾಗಿ ಎತ್ತಿ ಪಕ್ಕದ ಬದನೆ ಸಾಲಿಗೆ ಹಾಕುತ್ತಿದ್ದರು. ಒಂದು ದಿನ ತಡವಾದರೆ ಮೊಳಕೆ ಬೆಳಕು ಹುಡುಕುತ್ತ ದಾರದಂತೆ ಉದ್ದವಾಗಿ ಹುಲ್ಲಿನೊಳಗೆ ಹೆಣೆದುಕೊಳ್ಳುತ್ತದೆ. ಆಗ ಹುಲ್ಲೆತ್ತಿದರೆ ಕೊತ್ತಂಬರಿಯೂ ಅದರ ಜೊತೆಗೇ ಎದ್ದು ಬರುತ್ತದೆ.