ಇಂಚಿಗೆ ಮೊದಲು ಕಿಲೋ ಲೆಕ್ಕ

ಆಫ್‌ರೋಡ್ ಗಾಡಿ ತಂದು ನಿಲ್ಲಿಸಿದವರು ಮೊದಲು ಕೇಳುವುದು, "ಎರಡು ಇಂಚು ಎತ್ತರ ಮಾಡಿಸೋಕೆ ಎಷ್ಟಾಗುತ್ತೆ?" ಅಂತ. ನಾನು ತಿರುಗಿ ಕೇಳುವುದು, "ಗಾಡಿ ಈಗ ಎಷ್ಟು ತೂಗುತ್ತೆ?" ಅಂತ. ಹೆಚ್ಚಿನವರು ಕಾಗದಪತ್ರದಲ್ಲಿರುವ ತೂಕ ಹೇಳುತ್ತಾರೆ. ಅದು ಕಾರ್ಖಾನೆ ಬಿಟ್ಟ ದಿನದ ತೂಕ. ಆಮೇಲೆ ಮುಂದೆ ಉಕ್ಕಿನ ಬಂಪರ್ ಕೂತಿದೆ, ಅದರೊಳಗೆ ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಸೇರಿದೆ, ತಲೆ ಮೇಲೆ ರ‍್ಯಾಕ್, ಹಿಂದೆ ಡ್ರಾಯರ್, ಫ್ರಿಜ್, ನೀರಿನ ಟ್ಯಾಂಕ್. ಸ್ಪ್ರಿಂಗ್ ಆರಿಸಬೇಕಾದದ್ದು ಈ ಗಾಡಿಗೆ, ಕಾಗದದ ಮೇಲಿರುವ ಗಾಡಿಗಲ್ಲ.

ಹಾಗಾಗಿ ಸಸ್ಪೆನ್ಷನ್, ಅಂದರೆ ಗಾಡಿಯನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗ್, ಶಾಕ್ ವ್ಯವಸ್ಥೆಯ ಯೋಜನೆಯ ಮೊದಲ ಖರ್ಚು ವೇಬ್ರಿಡ್ಜಿನ ಶುಲ್ಕ. ಟ್ಯಾಂಕ್ ತುಂಬಿಸಿ, ದೂರದ ಪ್ರಯಾಣಕ್ಕೆ ಹೊರಟ ಹಾಗೆಯೇ ಜನ, ನೀರು, ಸಾಮಾನು ಎಲ್ಲ ಹೇರಿಕೊಂಡು ಹೋಗಿ. ಮುಂದಿನ ಚಕ್ರಗಳನ್ನು ಮಾತ್ರ ಹತ್ತಿಸಿ ಒಂದು ಸಲ, ಪೂರ್ತಿ ಗಾಡಿ ಒಂದು ಸಲ, ಹಿಂದಿನ ಚಕ್ರ ಮಾತ್ರ ಇನ್ನೊಂದು ಸಲ ತೂಗಿಸಿ. ಸಾಮಾನು ಇಳಿಸಿ, ದಿನನಿತ್ಯ ಓಡಿಸುವ ಸ್ಥಿತಿಯಲ್ಲಿ ಮತ್ತೊಮ್ಮೆ. ಬಾಗಿಲ ಚೌಕಟ್ಟಿನಲ್ಲೋ ಮಾಲೀಕರ ಕೈಪಿಡಿಯಲ್ಲೋ ಗರಿಷ್ಠ ಒಟ್ಟು ತೂಕವೂ ಚಕ್ರದ ಅಚ್ಚು, ಅಂದರೆ ಪ್ರತಿ ಆಕ್ಸಲ್‌ನ ಮಿತಿಯೂ ಇರುತ್ತದೆ. ನಿಮ್ಮ ಅಂಕಿ ಅದನ್ನು ದಾಟಿದ್ದರೆ ಮೊದಲು ಸಾಮಾನು ಇಳಿಸುವ ಮಾತಾಡೋಣ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಗಾಡಿಯ ಬೆನ್ನು ನೆಟ್ಟಗಾಗುತ್ತದೆ, ನಿಜ. ಆದರೆ ಬ್ರೇಕ್, ಆಕ್ಸಲ್, ಬೇರಿಂಗ್, ಚಾಸಿ ಎಲ್ಲ ಹಳೆಯವೇ ಅಲ್ಲವೇ?

ತೂಕ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ. ಬಂಪರ್ ಮತ್ತು ವಿಂಚ್ ಸೇರಿ 90 ಕಿಲೋ ಅಂದುಕೊಳ್ಳಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.75 ಮೀಟರ್, ಬಂಪರಿನ ಭಾರ ಮುಂದಿನ ಆಕ್ಸಲ್‌ಗಿಂತ 0.9 ಮೀಟರ್ ಮುಂದೆ ತೂಗುತ್ತಿದೆ. ಸನ್ನೆಕೋಲಿನ ಲೆಕ್ಕ ಹಾಕಿದರೆ ಮುಂದಿನ ಆಕ್ಸಲ್ ಮೇಲೆ ಬೀಳುವುದು 90 ಅಲ್ಲ, ಸುಮಾರು 119 ಕಿಲೋ. ಹಿಂದಿನ ಆಕ್ಸಲ್ ಸುಮಾರು 29 ಕಿಲೋ ಹಗುರಾಗುತ್ತದೆ. ಬಂಪರ್ ಹಾಕಿಸಿದ ಮೇಲೆ ಗಾಡಿ ಮೂತಿ ಇಳಿಸಿ ನಿಲ್ಲುವುದಕ್ಕೂ ಬ್ರೇಕ್ ಒತ್ತಿದಾಗ ಮುಗ್ಗರಿಸುವುದಕ್ಕೂ ಇದೇ ಕಾರಣ. ಮೂಗಿಗಿಂತ ಮೂಗುತಿ ಭಾರ ಆಗದಂತೆ ನೋಡಿಕೊಳ್ಳಬೇಕಾದದ್ದು ಸಸ್ಪೆನ್ಷನ್‌ಗೆ ದುಡ್ಡು ಎತ್ತಿಡುವುದಕ್ಕೆ ಮೊದಲೇ.

ಒಬ್ಬರು ಮುಂದಿನ ವರ್ಷ ಹಾಕಿಸಲಿರುವ ಡ್ರಾಯರ್ ಮತ್ತು ಟೆಂಟ್ ಲೆಕ್ಕ ಹಿಡಿದು, ಹಿಂದೆ ಸದಾ 300 ಕಿಲೋ ಹೊರುವ ಸ್ಪ್ರಿಂಗ್ ಈಗಲೇ ಹಾಕಿಸಿಬಿಟ್ಟಿದ್ದರು. ಗಾಡಿ ಓಡುತ್ತಿದ್ದದ್ದು ಖಾಲಿ. ಜಲ್ಲಿ ರಸ್ತೆಯ ಸಣ್ಣ ಸಣ್ಣ ಏರಿಳಿತದಲ್ಲಿ ಹಿಂದಿನ ಚಕ್ರಗಳು ನೆಲ ಬಿಟ್ಟು ಕುಣಿಯುತ್ತಿದ್ದವು, ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಸರಿಯುತ್ತಿತ್ತು. ಹೆದರಿ ಅದನ್ನು ಬಿಚ್ಚಿಸಿ ಮೆತ್ತನೆಯದು ಹಾಕಿಸಿದರು. ಡ್ರಾಯರ್ ಬಂತು, ಹಿಂಭಾಗ ಕುಸಿಯಿತು, ಮೂರನೆಯ ಜೋಡಿ ಬಂತು. ನನ್ನ ಬಳಿ ಬರುವ ಹೊತ್ತಿಗೆ ಮೂರು ಜೋಡಿ ಸ್ಪ್ರಿಂಗ್, ಮೂರು ಸಲದ ಕೂಲಿ, ಮೂರು ಅಲೈನ್‌ಮೆಂಟ್ ಆಗಿತ್ತು. ಅವರು ಕಡಿಮೆ ದರ್ಜೆಯ ಸಾಮಾನು ಕೊಂಡಿರಲಿಲ್ಲ, ಮೂರೂ ಒಳ್ಳೆಯವೇ. ಈಗಿನ ತೂಕ, ಮುಂದೆ ಬರಲಿರುವ ತೂಕ ಎರಡನ್ನೂ ಒಂದು ಹಾಳೆಯ ಮೇಲೆ ಬರೆದಿಟ್ಟಿದ್ದರೆ, ಡ್ರಾಯರ್ ಬರುವವರೆಗೆ ಹಳೆಯ ಸ್ಪ್ರಿಂಗನ್ನೇ ಇಟ್ಟುಕೊಂಡು ಒಂದೇ ಸಲ ಮುಗಿಸಬಹುದಿತ್ತು.

ಇನ್ನು ದುಡ್ಡು ಹಂಚುವ ವಿಷಯ. ಒಟ್ಟು ಮೊತ್ತವನ್ನು 100 ಪಾಲು ಮಾಡಿದರೆ, ನಾನು ಹೇಳುವುದು ಸುಮಾರು 40 ಪಾಲು ಟೈರಿಗೆ, 35 ಪಾಲು ಸ್ಪ್ರಿಂಗ್ ಮತ್ತು ಅದರ ಕುಣಿತ ತಡೆಯುವ ಶಾಕ್‌ಗೆ, ಉಳಿದ 25 ಪಾಲು ಮುಟ್ಟದೆ ಬದಿಗೆ. ಆ 25 ಪಾಲಿನಲ್ಲೇ ಕೂಲಿ, ಅಲೈನ್‌ಮೆಂಟ್, ಕೀಲುಗಳೊಳಗಿನ ಹೊಸ ರಬ್ಬರ್ ಬುಷ್, ತುಕ್ಕು ಹಿಡಿದು ಬಿಚ್ಚುವಾಗ ಮುರಿಯುವ ಬೋಲ್ಟ್, ಬಿಚ್ಚಿದ ಮೇಲೆ ಕಾಣಿಸುವ ಸವೆದ ಬಾಲ್ ಜಾಯಿಂಟ್ ಎಲ್ಲ ಬರುತ್ತವೆ. ಈ ಪಾಲನ್ನು ಎತ್ತಿಡದವರು ಕೊನೆಗೆ ಹೊಸ ಶಾಕ್ ಹಾಕಿ ಹಳೆಯ ಹರಿದ ಬುಷ್ ಅನ್ನೇ ಬಿಡುತ್ತಾರೆ. ಆಗ ಗಾಡಿ ಮೊದಲಿನ ಹಾಗೆಯೇ ಲಟಲಟ ಸದ್ದು ಮಾಡುತ್ತದೆ, ಬೈಗುಳ ಶಾಕ್‌ಗೆ ಬೀಳುತ್ತದೆ.

ಎಲ್ಲ ಒಟ್ಟಿಗೆ ಕೊಳ್ಳಲಾಗದಿದ್ದರೆ ಮೊದಲು ಟೈರ್. ನೆಲ ಮುಟ್ಟುವುದು ಅದೊಂದೇ. ಒಂದು ಸಂದರ್ಭದಲ್ಲಿ ಮಾತ್ರ ಈ ಕ್ರಮ ತಿರುಗಿಸುತ್ತೇನೆ: ಶಾಕ್ ಎಣ್ಣೆ ಕಾರುತ್ತಿದ್ದರೆ ಅಥವಾ ಸತ್ತಿದ್ದರೆ ಶಾಕ್ ಮೊದಲು. ಸತ್ತ ಶಾಕ್ ಇರುವ ಗಾಡಿಯ ಟೈರಿನ ಮೇಲೆ ಅಂಗೈ ಸವರಿ ನೋಡಿ. ಒಂದಿಷ್ಟು ದೂರಕ್ಕೊಂದು ತಗ್ಗು, ದಿಬ್ಬ, ಮತ್ತೆ ತಗ್ಗು ಸಿಗುತ್ತದೆ. ಚಕ್ರ ಪುಟಿದು ಪುಟಿದು ನೆಲಕ್ಕೆ ಬಡಿದ ಗುರುತು ಅದು. ಹೊಸ ಟೈರನ್ನೂ ಅದು ಹಾಗೆಯೇ ತಿನ್ನುತ್ತದೆ.

ಟೈರಿನ ಅಳತೆ ವಿಷಯದಲ್ಲಿ ಆಸೆ ಬೇಗ ಕೈಮೀರುತ್ತದೆ. 245/70 ಆರ್ 16 (ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ 70 ಪ್ರತಿಶತ, ರಿಮ್ 16 ಇಂಚು) ಟೈರಿನ ವ್ಯಾಸ ಲೆಕ್ಕದ ಪ್ರಕಾರ ಸುಮಾರು 749 ಮಿಲಿಮೀಟರ್. ಅದರ ಜಾಗಕ್ಕೆ 265/75 ಆರ್ 16 ಹಾಕಿದರೆ ಸುಮಾರು 804. ವ್ಯಾಸ 55 ಮಿಲಿಮೀಟರ್ ಹೆಚ್ಚಿದರೂ ಆಕ್ಸಲ್ ನೆಲದಿಂದ ಮೇಲೇಳುವುದು ಅದರ ಅರ್ಧ, ಅಂದರೆ ಸುಮಾರು 27. ಆ 27 ಮಿಲಿಮೀಟರಿಗೆ ಏನೇನು ಕೊಡುತ್ತೀರಿ ನೋಡಿ. ಸುತ್ತಳತೆ ಸುಮಾರು 7 ಪ್ರತಿಶತ ಹೆಚ್ಚಾಯಿತು; ಮೀಟರ್ ನಿಖರವಾಗಿ 100 ತೋರಿಸುತ್ತಿದ್ದ ಗಾಡಿ ಈಗ 107ರಲ್ಲಿ ಓಡುತ್ತಿರುತ್ತದೆ. ಆಕ್ಸಲ್ ನಡುವೆ ಚಕ್ರಗಳಿಗೆ ಶಕ್ತಿ ಹಂಚುವ ಗೇರು ಗುಂಡಿನ, ಅಂದರೆ ಡಿಫರೆನ್ಷಿಯಲ್ಲಿನ, 4.10 ಇದ್ದ ಅನುಪಾತ 3.82ರ ಹಾಗೆ ವರ್ತಿಸುತ್ತದೆ, ಅಂದರೆ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಟೈರ್ ಭಾರವಾದದ್ದರಿಂದ ಬ್ರೇಕಿಗೂ ಶಾಕ್‌ಗೂ ಕೆಲಸ ಹೆಚ್ಚು. ಎಳೆತ ವಾಪಸ್ ಬೇಕೆಂದರೆ ಎರಡೂ ಡಿಫರೆನ್ಷಿಯಲ್‌ಗಳ ಕ್ರೌನ್ ಪಿನಿಯನ್ ಗೇರು ಜೋಡಿ ಬದಲಾಯಿಸಬೇಕು. ಅದು ಟೈರಿಗಿಂತ ದೊಡ್ಡ ಖರ್ಚಾಗಿಬಿಡಬಹುದು. ಅದೇ 245/75 ಆರ್ 16 ಹಾಕಿದರೆ ವ್ಯತ್ಯಾಸ ಸುಮಾರು 3 ಪ್ರತಿಶತ ಮಾತ್ರ. ಬಹಳಷ್ಟು ಜನರಿಗೆ ಕಂಪನಿ ಅಳತೆಗಿಂತ ಒಂದೇ ಒಂದು ಮೆಟ್ಟಿಲು ಮೇಲೆ, ಡಾಂಬರು, ಮಣ್ಣು ಎರಡಕ್ಕೂ ಆಗುವ ಒಳ್ಳೆಯ ಆಲ್ ಟೆರೇನ್ ಟೈರ್ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಡ್ ಟೆರೇನ್ ಟೈರ್ ಕೆಸರಿನಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ, ಸದ್ದು ಜೋರು, ಸವೆತ ಬೇಗ. ವರ್ಷದಲ್ಲಿ ಎಷ್ಟು ದಿನ ಕೆಸರಿನಲ್ಲಿರುತ್ತೀರಿ, ಎಷ್ಟು ದಿನ ಡಾಂಬರಿನ ಮೇಲಿರುತ್ತೀರಿ ಎಂದು ಎಣಿಸಿಕೊಂಡು ತೀರ್ಮಾನಿಸಿ.

ಟೈರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಕುಕ್ಕರುಗಾಲಲ್ಲಿ ಕೂತು ಓದಿ. ಲೋಡ್ ಇಂಡೆಕ್ಸ್ 112 ಅಂದರೆ ಒಂದು ಟೈರ್ 1120 ಕಿಲೋ ಹೊರುತ್ತದೆ, 121 ಅಂದರೆ 1450 ಕಿಲೋ. ವೇಬ್ರಿಡ್ಜಿನಲ್ಲಿ ಬಂದ ಆಕ್ಸಲ್ ತೂಕವನ್ನು ಎರಡರಿಂದ ಭಾಗಿಸಿ ಇದರ ಪಕ್ಕ ಇಟ್ಟು ನೋಡಿ. ಕಂಪನಿ ಹೇಳಿದ ಇಂಡೆಕ್ಸಿಗಿಂತ ಕೆಳಗಿನದನ್ನು ಹಾಕಲೇಬೇಡಿ. ಇಂಡೆಕ್ಸಿನ ಪಕ್ಕದ ಅಕ್ಷರ ವೇಗದ ಮಿತಿ: ಕ್ಯೂ ಅಂದರೆ ಗಂಟೆಗೆ 160 ಕಿಲೋಮೀಟರ್, ಎಸ್ ಅಂದರೆ 180. ತಯಾರಿಕೆಯ ದಿನ ನಾಲ್ಕು ಅಂಕಿಯಲ್ಲಿರುತ್ತದೆ. 2423 ಎಂದಿದ್ದರೆ 2023ರ 24ನೇ ವಾರ. ರಿಯಾಯಿತಿಯಲ್ಲಿ ಸಿಕ್ಕ ಟೈರ್ ವರ್ಷಗಟ್ಟಲೆ ಗೋದಾಮಿನಲ್ಲಿ ಒಣಗಿದ್ದೋ ಎಂದು ತಿಳಿಯುವುದು ಇಲ್ಲೇ. ಎಲ್‌ಟಿ ಎಂದು ಗುರುತಿರುವ ಲಘು ಟ್ರಕ್ ಟೈರಿನ ಪಕ್ಕೆ ಗಟ್ಟಿ, ಕಲ್ಲಿಗೆ ಸುಲಭಕ್ಕೆ ಹರಿಯುವುದಿಲ್ಲ. ಆದರೆ ಅದೇ ಭಾರ ಹೊರಲು ಅದಕ್ಕೆ ಹೆಚ್ಚು ಗಾಳಿ ಬೇಕು. ಹಳೆಯ ಟೈರಿನ ಪಿಎಸ್‌ಐ, ಅಂದರೆ ಗಾಳಿ ಒತ್ತಡವನ್ನೇ ಇದಕ್ಕೂ ಹಾಕಿ ಹೆದ್ದಾರಿಯಲ್ಲಿ ಓಡಿಸಿದರೆ ಒಳಗೊಳಗೇ ಬಿಸಿಯಾಗುತ್ತದೆ.

ಕೊಳ್ಳುವಾಗ ನಾಲ್ಕಲ್ಲ, ಐದು ಟೈರಿನ ಲೆಕ್ಕ ಹಾಕಿ. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗಾಡಿಯಲ್ಲಿ ಒಂದು ಚಕ್ರ ಮಾತ್ರ ಚಿಕ್ಕದಾದರೆ ನಡುವಿನ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿರುಗಿ ಹಾಳಾಗುತ್ತದೆ. ಹಳೆಯ ಅಳತೆಯ ಸ್ಟೆಪ್ನಿ ಹಾಕಿಕೊಂಡು ನೂರಾರು ಕಿಲೋಮೀಟರ್ ಬರುವುದು ಅಲ್ಲಿ ದುಬಾರಿ ತಪ್ಪು. ಐದನ್ನೂ ಸರದಿಯಲ್ಲಿ ಸುತ್ತಿಸುತ್ತಿದ್ದರೆ ಸವೆತ ಸಮವಾಗಿರುತ್ತದೆ.

ಇದರ ಜೊತೆಗೆ ಒಂದು ನಂಬಿಕಸ್ತ ಗಾಳಿ ಮಾಪಕ, ಒಂದು ಕಂಪ್ರೆಸರ್. ಇಡೀ ಪಟ್ಟಿಯಲ್ಲಿ ಕೊಟ್ಟ ಕಾಸಿಗೆ ಅತಿ ಹೆಚ್ಚು ಫಲ ಕೊಡುವುದು ಇವೆರಡೇ. ಮರಳಿನಲ್ಲಿ 15ರಿಂದ 18 ಪಿಎಸ್‌ಐಗೆ ಇಳಿಸಿದರೆ ಟೈರ್ ನೆಲ ಮುಟ್ಟುವ ಜಾಗ ಉದ್ದವಾಗುತ್ತದೆ, ಹೂತುಕೊಳ್ಳುತ್ತಿದ್ದ ಗಾಡಿ ತೇಲಿದ ಹಾಗೆ ಸಾಗುತ್ತದೆ. ತೀರಾ ಕಡಿಮೆ ಮಾಡಿ ಚೂಪಾಗಿ ತಿರುಗಿಸಿದರೆ ಟೈರ್ ರಿಮ್ ಬಿಟ್ಟು ಕಳಚಿಕೊಳ್ಳಬಹುದು, ಎಚ್ಚರ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಬೇಕು. ಕಂಪ್ರೆಸರ್ ಬೇಕಿರುವುದು ಅದಕ್ಕೇ.

ಎತ್ತರದ ಮಾತಿಗೆ ಬರೋಣ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಬಾಡಿ ಮತ್ತು ಚಾಸಿ. ಎರಡು ಚಕ್ರಕ್ಕೂ ಒಂದೇ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ, ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. 40ರಿಂದ 50 ಮಿಲಿಮೀಟರ್ ಒಳಗಿದ್ದರೆ ಸಾಮಾನ್ಯವಾಗಿ ಉಳಿದ ಭಾಗಗಳು ಸಹಿಸಿಕೊಳ್ಳುತ್ತವೆ. ಅದನ್ನು ದಾಟಿದಾಗ ಖರ್ಚು ಬೆಳೆಯುತ್ತದೆ. ಮುಂದೆ ಗಟ್ಟಿ ಆಕ್ಸಲ್ ಇದ್ದರೆ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಕಟ್ಟಿಹಿಡಿಯುವ ಪ್ಯಾನ್ಹಾರ್ಡ್ ರಾಡ್ ಎಳೆದು ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಎರಡಕ್ಕೂ ಬೇರೆ ಬೇರೆ ಭಾಗ ಕೊಳ್ಳಬೇಕು. ಬ್ರೇಕ್ ಹೋಸ್, ಎಬಿಎಸ್ ತಂತಿ ಬಿಗಿಯಾಗುತ್ತವೆ. ಮುಂದೆ ಸ್ವತಂತ್ರ ಸಸ್ಪೆನ್ಷನ್ ಇದ್ದರೆ ಬೆಲೆ ತೆರುವುದು ಚಕ್ರಕ್ಕೆ ಶಕ್ತಿ ಮುಟ್ಟಿಸುವ, ಬಾಗುವ ಕೀಲಾದ ಸಿವಿ ಜಾಯಿಂಟ್. ಗಾಡಿ ಎತ್ತರಿಸಿದ ಮೇಲೆ ಅದರ ರಬ್ಬರ್ ಬೂಟನ್ನು ಟಾರ್ಚ್ ಹಿಡಿದು ನೋಡಿ. ಕೋನ ಹೆಚ್ಚಿದಾಗ ಒಂದು ಪಕ್ಕದ ಮಡಿಕೆಗಳು ಒಂದಕ್ಕೊಂದು ತಾಗಿ ಉಜ್ಜುತ್ತವೆ. ಕೆಲವು ತಿಂಗಳಲ್ಲಿ ಆ ಮಡಿಕೆಯ ತುದಿಯಲ್ಲಿ ಕೂದಲೆಳೆ ಬಿರುಕು, ಚಕ್ರದ ಒಳಮೈಗೆ ಕಪ್ಪು ಗ್ರೀಸಿನ ಸಿಂಪಡಿಕೆ, ಆಮೇಲೆ ಒಳಗೆ ಧೂಳು. ಅಲ್ಲಿಗೆ ಜಾಯಿಂಟ್ ಮುಗಿಯಿತು. ಸ್ಪ್ರಿಂಗ್, ಶಾಕ್ ಒಟ್ಟಿಗಿರುವ ಸ್ಟ್ರಟ್ ಮೇಲೆ ಬಿಲ್ಲೆ ಇಟ್ಟು ಅಗ್ಗದಲ್ಲಿ ಎತ್ತರಿಸುವುದನ್ನು ನಾನು ಮಾಡಿಕೊಡುವುದಿಲ್ಲ. ಹೊರುವ ಶಕ್ತಿ ಒಂದು ಕಿಲೋ ಕೂಡ ಹೆಚ್ಚುವುದಿಲ್ಲ.

ಶಾಕ್ ಮಾಡುವ ಕೆಲಸ ಚಲನೆಯನ್ನು ಬಿಸಿಯಾಗಿ ಬದಲಾಯಿಸುವುದು. ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಗ್ಗುತ್ತದೆ, ಕಾಯುತ್ತದೆ. ಒರಟು ಜಲ್ಲಿ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸಿದಾಗ ಎಣ್ಣೆ ತೆಳುವಾಗಿ, ಗಾಳಿ ಬೆರೆತು ನೊರೆಯಾಗಿ, ಶಾಕ್ ಕೈಬಿಡುತ್ತದೆ. ಒಂದೇ ಗೋಡೆಯ ಮಾನೋಟ್ಯೂಬ್ ಶಾಕ್‌ನಲ್ಲಿ ಒತ್ತಡದ ನೈಟ್ರೋಜನ್ ಬೇರೆ ಕೋಣೆಯಲ್ಲಿರುವುದರಿಂದ ನೊರೆ ತಡೆಯುತ್ತದೆ, ಬಿಸಿಯೂ ಬೇಗ ಹೊರಹೋಗುತ್ತದೆ. ಆದರೆ ಅದರ ಹೊರಮೈಗೆ ಕಲ್ಲು ಬಡಿದು ತಗ್ಗಾದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಎರಡು ಗೋಡೆಯ ಟ್ವಿನ್ ಟ್ಯೂಬ್ ಆ ಏಟನ್ನು ತಡೆದುಕೊಳ್ಳುತ್ತದೆ. ಹೊರಗೆ ಪ್ರತ್ಯೇಕ ಎಣ್ಣೆ ಡಬ್ಬಿ ಇರುವ ದುಬಾರಿ ಶಾಕ್ ವೇಗವಾಗಿ, ಬಹುದೂರ, ಭಾರ ಹೊತ್ತು ಓಡಿಸುವವರಿಗೆ. ವಾರಾಂತ್ಯದಲ್ಲಿ ನಿಧಾನಕ್ಕೆ ಬಂಡೆ ಹತ್ತುವವರು ಆ ದುಡ್ಡನ್ನು ಟೈರಿಗೆ ಹಾಕಲಿ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದು ವಾಪಸ್ ಚಿಮ್ಮುವುದನ್ನು ಹಿಡಿಯುವ ಶಕ್ತಿ ಶಾಕ್‌ಗೆ ಬೇಕು. ಆದ್ದರಿಂದ ಎರಡನ್ನೂ ಒಂದಕ್ಕೊಂದು ಹೊಂದುವಂತೆ ಒಟ್ಟಿಗೇ ಕೊಳ್ಳಿ. ಎತ್ತರ ಮತ್ತು ಟೈರ್ ಅಳತೆಗೆ ಆಯಾ ದೇಶದ ಕಾನೂನಿನ ಮಿತಿ ಇರುತ್ತದೆ, ವಿಮೆಯವರಿಗೂ ತಿಳಿಸಬೇಕಾಗುತ್ತದೆ. ಅದನ್ನು ಆರ್ಡರ್ ಕೊಡುವ ಮೊದಲೇ ವಿಚಾರಿಸಿ.

ಜೋಡಿಸುವ ದಿನ ಸಾಧ್ಯವಾದರೆ ಪಕ್ಕದಲ್ಲೇ ನಿಂತು ಒಂದು ವಿಷಯ ಗಮನಿಸಿ. ಗಾಡಿ ಲಿಫ್ಟ್ ಮೇಲಿದ್ದು ಚಕ್ರಗಳು ಜೋತುಬಿದ್ದಿರುವಾಗಲೇ, ಚಕ್ರವನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳ ಬೋಲ್ಟನ್ನು ಪೂರ್ತಿ ಬಿಗಿದರೆ, ಒಳಗಿನ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಓಡುವಾಗ ಇನ್ನಷ್ಟು ತಿರುಚುತ್ತದೆ, ಬೇಗ ಹರಿಯುತ್ತದೆ. ಸರಿಯಾದ ಕ್ರಮ ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ನಾಲ್ಕಾರು ಸಲ ಒತ್ತಿ ಅಲುಗಿಸಿ, ಆಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಬಿಗಿಯುವುದು. ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್ ಇದ್ದರೆ ಅದನ್ನು ಆಕ್ಸಲ್‌ಗೆ ಹಿಡಿದಿಡುವ ಹಳೆಯ ಯು ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ. ಒಮ್ಮೆ ಬಿಗಿದು ಎಳೆದುಕೊಂಡದ್ದು ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ.

ಕೆಲಸ ಮುಗಿದ ದಿನವೇ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿಗೆ ಟೇಪ್ ಹಿಡಿದು ನಾಲ್ಕು ಅಂಕಿ ಬರೆದಿಡುತ್ತೇನೆ. ಶಾಕ್‌ನ ರಾಡ್ ಕಾಣುವಂತಿದ್ದರೆ ಅದಕ್ಕೊಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿ ಕೆಳಕ್ಕೆ ಸರಿಸುತ್ತೇನೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ, ಟೈರ್ ಎಲ್ಲಾದರೂ ತಾಗುತ್ತದೆಯೇ ನೋಡುತ್ತೇನೆ. ಸಮನೆಲದಲ್ಲಿ ತಾಗದ ಟೈರ್ ಅಲ್ಲಿ ತಾಗಬಹುದು. ಹೆಡ್‌ಲೈಟಿನ ಕೋನ ಇಳಿಸಿಕೊಡುತ್ತೇನೆ, ಎದುರಿನಿಂದ ಬರುವವರ ಕಣ್ಣಿಗಾಗಿ. 1000 ಕಿಲೋಮೀಟರ್ ಆದ ಮೇಲೆ ಗಾಡಿ ಮತ್ತೆ ಬರಬೇಕು. ಆಗ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿದು, ಅಲೈನ್‌ಮೆಂಟ್ ನೋಡಿ, ಆ ನಾಲ್ಕು ಅಂಕಿ ಮತ್ತೆ ಅಳೆಯುತ್ತೇವೆ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುವುದು ಸಹಜ. ಒಂದು ಮೂಲೆ ಮಾತ್ರ ಹೆಚ್ಚು ಕೂತಿದ್ದರೆ ಭಾರ ಒಂದೇ ಕಡೆ ಹೇರಿದ್ದೀರಿ ಎಂದರ್ಥ, ನೀರಿನ ಟ್ಯಾಂಕನ್ನೋ ಎರಡನೇ ಬ್ಯಾಟರಿಯನ್ನೋ ಜಾಗ ಬದಲಾಯಿಸಿ ನೋಡಬೇಕು. ಕೇಬಲ್ ಟೈ ರಾಡಿನ ಮೇಲೆ ಎಲ್ಲಿಗೆ ಸರಿದು ನಿಂತಿದೆ ಎಂಬುದರಿಂದ ಚಕ್ರ ಎಷ್ಟು ಮೇಲೆದ್ದಿತ್ತು ಎಂದು ತಿಳಿಯುತ್ತದೆ. ಅದು ಕೊನೆಗೆ ಒಂದೆರಡು ಬೆರಳಷ್ಟು ಜಾಗ ಉಳಿಸಿ ನಿಂತಿದ್ದರೆ ಸ್ಪ್ರಿಂಗ್ ಆ ತೂಕಕ್ಕೆ ಸರಿಯಾಗಿ ಹೊಂದಿದೆ.