ಬಳ್ಳಾರಿ ಬಿಸಿಲಲ್ಲಿ ಆರು ತಂಬಾಕು ಗಿಡ: ತಾರಸಿ ಮೇಲೆ ಬೆಳೆದು ಬರೆದ ನೋಟ್ಸ್

ಕಮರ್ಷಿಯಲ್ ಬೆಳೆಗಳ ಪೇಪರಿಗೆ ಓದೋವಾಗ ತಂಬಾಕು ಚಾಪ್ಟರ್ ನಾವೆಲ್ಲ ಉರು ಹೊಡೆದೇ ಮುಗಿಸ್ತೀವಿ, ನಿಕೋಷಿಯಾನಾ ಟಬಾಕಮ್, ಬದನೆ ಟೊಮ್ಯಾಟೊ ಮೆಣಸಿನಕಾಯಿ ಕುಟುಂಬ, ಕ್ರೋಮೋಸೋಮ್ 48, ಮುಂದಿನ ಪೇಜು. ನಾನೂ ಹಂಗೇ ಮಾಡಿದ್ದೆ. ಆಮೇಲೆ ನಮ್ಮನೆ ತಾರಸಿ ಮೇಲೆ ಆರು ಗಿಡ ಬೆಳೆಸಿ ನೋಡಿದ ಮೇಲೆ ಪುಸ್ತಕದಲ್ಲಿ ಒಂದೊಂದು ಸಾಲು ಯಾಕಿದೆ ಅಂತ ತಲೆಗೆ ಹೋಯ್ತು. ಅದಕ್ಕೇ ಇದನ್ನ ಬರೀತಿದೀನಿ. ಸೇದೋಕಲ್ಲ ಮಾರಾಯ್ರೆ, ನಮ್ಮಮ್ಮನೂ ಮೊದಲು ಅದನ್ನೇ ಕೇಳಿದ್ರು.

ಮೊದಲೇ ಹೇಳಿಬಿಡ್ತೀನಿ, ಈ ಗಿಡಕ್ಕೆ ಬಿಸಿಲಿನ ಹೆದರಿಕೆ ಅಷ್ಟಿಲ್ಲ, ಹೆದರಿಕೆ ಇರೋದು ಒಣಗಾಳಿದು, ಅದೂ ಎರಡೇ ಸಲ, ಬೀಜ ಮೊಳೆಯೋವಾಗ ಒಂದ್ಸಲ, ಕಿತ್ತ ಎಲೆ ಒಣಗಿಸೋವಾಗ ಇನ್ನೊಂದ್ಸಲ. ನಡುವಿನ ಮೂರು ತಿಂಗಳು ಅದರ ಪಾಡಿಗೆ ಅದು ಬೆಳೆಯುತ್ತೆ.

ಯಾವ ತಂಬಾಕು ಅನ್ನೋದು ಮುಖ್ಯ. ನಮ್ಮ ರಾಜ್ಯದಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆ ವರ್ಜೀನಿಯಾ (ಸಿಗರೇಟಿಗೆ ಹೋಗೋ ತಂಬಾಕು), ನಿಪ್ಪಾಣಿ ಚಿಕ್ಕೋಡಿ ಕಡೆ ಕಪ್ಪು ಮಣ್ಣಲ್ಲಿ ಬೀಡಿ ತಂಬಾಕು. ವರ್ಜೀನಿಯಾ ಬೆಳೆಗಾರರು ತಂಬಾಕು ಮಂಡಳಿಲಿ ರಿಜಿಸ್ಟರ್ ಆಗಿರಬೇಕು, 1975ರ ಕಾಯ್ದೆ, ಮಂಡಳಿ ಹೆಡ್ ಆಫೀಸ್ ಗುಂಟೂರಲ್ಲಿದೆ (ಒಂದು ಮಾರ್ಕಿನ ಪ್ರಶ್ನೆ, ಬರೆದಿಟ್ಕೊಳ್ಳಿ). ಅದಲ್ಲದೆ ವರ್ಜೀನಿಯಾ ಎಲೆಗೆ ಬ್ಯಾರನ್ (ಶಾಖ ಕೊಟ್ಟು ಎಲೆ ಒಣಗಿಸಿ ಹದ ಮಾಡೋ ಮನೆ) ಬೇಕು, ಬೆಂಕಿ ಬೇಕು, ರಾತ್ರಿಯೆಲ್ಲ ಕಾಯೋ ಜನ ಬೇಕು. ನಾನು ತಗೊಂಡಿದ್ದು ಬೀಡಿ ತಂಬಾಕಿನ ಬೀಜ, ನಿಪ್ಪಾಣಿ ಕಡೆಯ ನೆಂಟರ ಹೊಲದ್ದು, ಒಂದು ಚಿಟಿಕೆ. ಬಿಸಿಲಲ್ಲೇ ಹದ ಮಾಡೋ ಜಾತಿ, ಕಪ್ಪು ಮಣ್ಣು ಹಿಡಿದಿಟ್ಟ ತೇವದಲ್ಲೇ ಬದುಕೋ ಜಾತಿ.

ಆ ಚಿಟಿಕೆಯಲ್ಲಿ ಎಷ್ಟಿತ್ತು ಅಂತ ಊಹಿಸಿ. ಒಂದು ಗ್ರಾಂಗೆ ಸುಮಾರು 11ರಿಂದ 12 ಸಾವಿರ ಬೀಜ ಬರುತ್ತೆ, ರಾಗಿ ಕಾಳು ಇದರ ಪಕ್ಕ ಇಟ್ರೆ ಕಲ್ಲಂಗಡಿ ಹಣ್ಣು. ಇಷ್ಟು ಸಣ್ಣ ಬೀಜದೊಳಗೆ ಊಟದ ಬುತ್ತಿನೇ ಇಲ್ಲ, ಮಣ್ಣಿನಡಿಯಿಂದ ತಳ್ಕೊಂಡು ಮೇಲೆ ಬರೋ ಶಕ್ತಿ ಇಲ್ಲ, ಮೊಳೆಯೋಕೆ ಬೆಳಕೂ ಬೇಕು. ನಾನು ಮೆಂತ್ಯ ಬಿತ್ತಿದಂಗೆ ಮೇಲೆ ಅರ್ಧ ಇಂಚು ಮಣ್ಣು ಎಳೆದೆ. ಹದಿನಾರು ದಿನ ದಿನಾ ಬಗ್ಗಿ ನೋಡಿದ್ದೇ ಬಂತು, ಒಂದೂ ಬರಲಿಲ್ಲ.

ಎರಡನೇ ಸಲ ಬೀಜನ ಜರಡಿ ಹಿಡಿದ ಬೂದಿ ಜೊತೆ ಕಲಸಿ ಮೇಲೆ ಉದುರಿಸಿದೆ ಅಷ್ಟೇ, ಮುಚ್ಚಲಿಲ್ಲ. ಮೊಸರಿನ ಡಬ್ಬಿ ತಳಕ್ಕೆ ತೂತು ಮಾಡಿ ಅದನ್ನ ನೀರಿನ ತಟ್ಟೆಯಲ್ಲಿ ಕೂರಿಸಿದ್ದೆ, ನೀರು ಕೆಳಗಿಂದ ಏರಬೇಕು, ಮೇಲಿಂದ ಸುರಿದ್ರೆ ಬೀಜ ಎಲ್ಲ ಒಂದು ಮೂಲೆಗೆ ತೇಲಿ ಹೋಗುತ್ತೆ. ಎಂಟನೇ ದಿನ ಪಾಚಿ ಕಟ್ಟಿದಂಗೆ ಹಸಿರು ಕಾಣಿಸ್ತು, ಕಣ್ಣು ಹತ್ತಿರ ತಗೊಂಡ್ಹೋದ್ರೆ ಎಲ್ಲಾ ಎರಡೆರಡು ಎಲೆ, ಸಾಸಿವೆಗಿಂತ ಚಿಕ್ಕವು. ಇನ್ನು ಇಲ್ಲಿಂದ ಶುರು ನೋಡಿ ತಂತಿ ಮೇಲಿನ ನಡಿಗೆ: ಒಂದು ಮಧ್ಯಾಹ್ನ ಮೇಲ್ಮಣ್ಣು ಒಣಗಿದ್ರೆ ಅಷ್ಟೂ ಸತ್ತಂಗೆ, ಹಂಗಂತ ಸದಾ ಜೌಗು ಮಾಡಿದ್ರೆ ಪೀಥಿಯಂ ಶಿಲೀಂಧ್ರ ಬಂದು ಬುಡ ಕೊಳೆತು ಎರಡೇ ದಿನದಲ್ಲಿ ಮಲಗಿಬಿಡ್ತವೆ, ಪುಸ್ತಕದಲ್ಲಿ ಡ್ಯಾಂಪಿಂಗ್ ಆಫ್ ಅಂತ ಇರೋದು ಇದೇ. ಒದ್ದೆ ಗೋಣಿಚೀಲನ ಡಬ್ಬಿಯಿಂದ ಒಂದು ಗೇಣು ಮೇಲೆ ಚಪ್ಪರದ ಥರ ಕಟ್ಟಿ, ಸಂಜೆ ಆದ್ಮೇಲೆ ತೆಗೆದುಬಿಡ್ತಿದ್ದೆ, ಗಾಳಿ ಆಡಲಿ ಅಂತ. ಜೊತೆಗೆ ಒತ್ತೊತ್ತಾಗಿ ಬಂದಿರೋದನ್ನ ಕಿತ್ತು ಬಿಸಾಕಬೇಕು, ಕರುಣೆ ತೋರಿಸಬಾರದು. ಹೊಲದಲ್ಲಿ ಮಾಡೋರು ಬಿತ್ತೋಕೆ ಮುಂಚೆ ಸಸಿಮಡಿ ಮೇಲೆ ಕಸಕಡ್ಡಿ ಹರಡಿ ಸುಡ್ತಾರಲ್ಲ, ರ‍್ಯಾಬಿಂಗ್ ಅಂತಾರೆ, ಅದು ಈ ಶಿಲೀಂಧ್ರಕ್ಕೂ ಕಳೆ ಬೀಜಕ್ಕೂ.

ಟೈಮಿಂಗ್ ಬಗ್ಗೆ ಒಂದು ಮಾತು. ಬೀಜಕ್ಕೆ ಇಷ್ಟ ಆಗೋದು 25 ಡಿಗ್ರಿ ಆಸುಪಾಸು, ನಮ್ಮೂರ ಏಪ್ರಿಲಲ್ಲಿ ಅದು ಫ್ರಿಜ್ಜಿನೊಳಗೆ ಮಾತ್ರ ಸಿಗೋದು. ಹಂಗಾಗಿ ಆಗಸ್ಟ್ ಕೊನೆಗೆ ಬಿತ್ತಿ, 45 ದಿನದ ಸಸಿನ ಅಕ್ಟೋಬರಲ್ಲಿ ನಾಟಿ ಮಾಡಿ, ಜನವರಿಗೆ ಎಲೆ ಕಿತ್ರೆ ಬೇಸಿಗೆ ಕಾಟ ತಪ್ಪುತ್ತೆ. ನಾಟಿಗೆ ಒಂದು ವಾರ ಮುಂಚೆ ನೀರು ಕಮ್ಮಿ ಮಾಡಿ ಸಸಿನ ಗಟ್ಟಿ ಮಾಡ್ಬೇಕು, ನಾಟಿ ಸಂಜೆ ಹೊತ್ತು. ಒಂದು ಚೀಲಕ್ಕೆ ಒಂದೇ ಗಿಡ, 20 ಲೀಟರ್ ಆದ್ರೂ ಬೇಕು, ಕರೀ ಗ್ರೋಬ್ಯಾಗ್ ಆದ್ರೆ ಸುತ್ತ ಗೋಣಿ ಸುತ್ತಿ, ಕೈ ಇಟ್ಟು ನೋಡಿ ಆ ಪ್ಲಾಸ್ಟಿಕ್ ಎಷ್ಟು ಸುಡುತ್ತೆ ಅಂತ.

ಬೇರು ಹಿಡಿದ ಮೇಲೆ ಇದು ರಾಕ್ಷಸ ಗಿಡ. ಮಧ್ಯಾಹ್ನ ಎರಡು ಗಂಟೆಗೆ ಎಲೆ ಎಲ್ಲ ಒದ್ದೆ ಟವೆಲ್ ಥರ ಜೋತು ಬೀಳುತ್ತೆ, ನಾನು ಗಾಬರಿ ಬಿದ್ದು ನೀರು ಹಾಕ್ತಿದ್ದೆ. ಅಷ್ಟು ದೊಡ್ಡ ಎಲೆಯಿಂದ ಆವಿ ಆಗೋ ಸ್ಪೀಡಿಗೆ ಬೇರು ನೀರು ಪೂರೈಸೋಕಾಗಲ್ಲ, ಅಷ್ಟೇ ವಿಷಯ. ಸಂಜೆ ಆರಕ್ಕೆ ತಾನೇ ಎದ್ದು ನಿಂತ್ರೆ ನೀರು ಬೇಡ, ಬೆಳಗ್ಗೆ ಕೂಡ ಜೋತಿದ್ರೆ ಮಾತ್ರ ಹಾಕಿ.

ಒಣ ಪ್ರದೇಶದೋರು ತಪ್ಪದೆ ಓದಬೇಕಾದ್ದು ಕ್ಲೋರೈಡ್ ವಿಷಯ. ತಂಬಾಕು ಕ್ಲೋರೈಡನ್ನ ಎಲೆಗೆ ಎಳ್ಕೊಂಡು ತುಂಬ್ಕೊಳ್ಳುತ್ತೆ, ಅಂಥ ಎಲೆ ತೇವ ಹಿಡಿಯುತ್ತೆ, ಸರಿಯಾಗಿ ಉರಿಯಲ್ಲ. ನಮ್ಮ ಕಡೆ ಬೋರ್ ನೀರು ಬಕೆಟ್ಟಲ್ಲಿ ಬಿಳಿ ಪಟ್ಟೆ ಬಿಡೋವಷ್ಟು ಉಪ್ಪು, ಅದರ ಮೇಲೆ ಆರ್‌ಓ ಮೆಷಿನ್ ಹೊರಗೆ ಬಿಡೋ ನೀರನ್ನ ಗಿಡಕ್ಕೆ ಹಾಕೋ ಅಭ್ಯಾಸ ಬೇರೆ, ಅದು ಇನ್ನೂ ಗಟ್ಟಿ ಉಪ್ಪು. ನಾನು ಮಳೆನೀರಿನ ಡ್ರಮ್ಮೇ ಬಳಸಿದ್ದು. ಪೊಟ್ಯಾಷ್ ಕೊಡೋದಿದ್ರೂ ಎಂಓಪಿ ಬೇಡ, ಅದು ಪೊಟ್ಯಾಷಿಯಂ ಕ್ಲೋರೈಡೇ, ಎಸ್‌ಓಪಿ ಕೊಡಿ, ಅಂದ್ರೆ ಪೊಟ್ಯಾಷಿಯಂ ಸಲ್ಫೇಟ್. ಯಾಕೆ ಅಂತ ವೈವಾದಲ್ಲಿ ಕೇಳ್ತಾರೆ. ಸಾರಜನಕ ಜಾಸ್ತಿ ಸುರಿದ್ರೆ ಎಲೆ ಕಡುಹಸಿರಾಗಿ ದಪ್ಪ ಆಗುತ್ತೆ, ಮಾಗೋದೇ ಇಲ್ಲ.

ಹೂವಿನ ಮೊಗ್ಗು ಕಂಡ ತಕ್ಷಣ ಕುಡಿ ಚಿವುಟಬೇಕು. ಐದು ಗಿಡಕ್ಕೆ ಚಿವುಟಿ ಒಂದನ್ನ ಬೀಜಕ್ಕೆ ಬಿಟ್ಟೆ. ಚಿವುಟಿದ ವಾರದಲ್ಲೇ ಪ್ರತಿ ಎಲೆ ಸಂದಿಯಿಂದ ಕಂಕುಳ ಚಿಗುರು ನುಗ್ಗುತ್ತೆ, ಅದನ್ನೂ ಮುರೀತಿರಬೇಕು, ಕೈಗೆ ಕಪ್ಪು ಅಂಟು ಹತ್ತುತ್ತೆ, ಸೋಪಿಗೂ ಬಗ್ಗಲ್ಲ. ಇಬ್ಬನಿ ಬಿದ್ದ ಎಲೆನ ಬರಿಗೈಲಿ ಮುಟ್ಟಬೇಡಿ, ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗಿ ವಾಂತಿ ತಲೆಸುತ್ತು ಬರುತ್ತೆ, ಗ್ಲೌಸ್ ಹಾಕಿ, ಮನೇಲಿ ಚಿಕ್ಕ ಮಕ್ಕಳು, ದನ ಕರು ಇದ್ರೆ ದೂರ ಇಡಿ. ಕುಡಿ ಚಿವುಟಿದ್ರೆ ನಿಕೋಟಿನ್ ಏರುತ್ತೆ, ಮತ್ತೆ ಅದು ತಯಾರಾಗೋದು ಎಲೆಯಲ್ಲಲ್ಲ, ಬೇರಲ್ಲಿ. 1942ರಲ್ಲಿ ಡಾಸನ್ ಅನ್ನೋ ವಿಜ್ಞಾನಿ ಕಸಿ ಕಟ್ಟಿ ತೋರಿಸಿದ್ದು ಇದನ್ನೇ: ಟೊಮ್ಯಾಟೊ ಬೇರಿನ ಮೇಲೆ ತಂಬಾಕು ಕಸಿ ಮಾಡಿದ್ರೆ ಎಲೆಲಿ ನಿಕೋಟಿನ್ ಹೆಚ್ಚುಕಮ್ಮಿ ಇಲ್ಲ, ತಂಬಾಕು ಬೇರಿನ ಮೇಲೆ ಟೊಮ್ಯಾಟೊ ಕಸಿ ಮಾಡಿದ್ರೆ ಟೊಮ್ಯಾಟೊ ಎಲೆಗೇ ನಿಕೋಟಿನ್ ಬಂದುಬಿಡ್ತು. ಎಷ್ಟು ಸಿಂಪಲ್ ಪ್ರಯೋಗ ಅಲ್ವಾ!

ರೋಗ ಕೀಟ ಬೇಗ ಮುಗಿಸ್ತೀನಿ. ಸ್ಪೊಡಾಪ್ಟೆರಾ ಹುಳು ಎಲೆ ತೂತು ಮಾಡುತ್ತೆ, ಹೊಲದಲ್ಲಿ ಸುತ್ತ ಹರಳು ಗಿಡ ಹಾಕ್ತಾರೆ, ಚಿಟ್ಟೆ ಅದರ ಮೇಲೆ ಮೊಟ್ಟೆ ಇಡಲಿ ಅಂತ, ತಾರಸಿಲಿ ಮೊಟ್ಟೆ ಗುಂಪನ್ನ ಕೈಲೇ ಒರೆಸಿದ್ರೆ ಸಾಕು. ಬಿಳಿ ನೊಣ ಬಂದ್ರೆ ಎಲೆ ಮುದುರೋ ರೋಗ. ಮೊಸಾಯಿಕ್ ವೈರಸ್ ಮುಟ್ಟಿದ್ರೆ ಹರಡುತ್ತೆ, ಬೀಡಿಯೊಳಗಿನ ಒಣ ತಂಬಾಕಲ್ಲೂ ಅದು ಉಳಿದಿರಬಹುದು, ಬೀಡಿ ಸೇದಿದ ಕೈಯಲ್ಲಿ ಟೊಮ್ಯಾಟೊ ಗಿಡ ಮುಟ್ಟಬಾರದು ಅನ್ನೋದು ಅದಕ್ಕೇ.

ಈಗ ಎಲೆ ಒಣಗಿಸೋದು, ನಾನು ಮುಗ್ಗರಿಸಿದ್ದು ಇಲ್ಲೇ. ಎಲೆ ಮೇಲೆ ಕಂದು ಚುಕ್ಕೆ ಬಂದು, ಹಸಿರು ಮಾಸಿ, ಮಡಚಿದ್ರೆ ಚಟ್ ಅನ್ನೋವಾಗ ಕೀಳಬೇಕು. ಕಿತ್ತೆ. ಬಿಸಿಲು ಚೆನ್ನಾಗಿದೆಯಲ್ಲ ಅಂತ ಹಗ್ಗಕ್ಕೆ ಪೋಣಿಸಿ ತಾರಸಿ ಮೇಲೇ ನೇತು ಹಾಕಿದೆ. ಎರಡು ದಿನಕ್ಕೆ ಗರಿಗರಿ, ಖುಷಿಯಾಗಿ ಹಾಸ್ಟೆಲ್ ರೂಮ್‌ಮೇಟಿಗೆ ಫೋಟೋ ಕಳಿಸಿದೆ, ಅವನದು ಪಿರಿಯಾಪಟ್ಟಣ, ಮನೇಲಿ ಬ್ಯಾರನ್ ಇದೆ. "ಲೋ ಮಗಾ, ನೀನು ಹೊಗೆಸೊಪ್ಪು ಹದ ಮಾಡಿಲ್ಲ ಕಣೋ, ಕರಿಬೇವು ಒಣಗ್ಸಿದೀಯ" ಅಂದ. ನಿಜ, ಎಲೆ ಹಸಿರಾಗೇ ಒಣಗಿತ್ತು.

ಕಾರಣ ಇದು: ಕಿತ್ತ ಮೇಲೂ ಎಲೆ ಕೆಲವು ದಿನ ಜೀವಂತ. ಆ ಹೊತ್ತಲ್ಲೇ ಅದು ಹಸಿರನ್ನ ಒಡೆದು, ಪಿಷ್ಟನ ಸಕ್ಕರೆ ಮಾಡಿ, ಹಳದಿ ತಿರುಗೋದು. ಅದಕ್ಕೆ ಮೊದಲೇ ನೀರು ಆರಿಹೋದ್ರೆ ಜೀವಕೋಶ ಸತ್ತು ಕೆಲಸ ಅರ್ಧಕ್ಕೇ ನಿಂತು ಹಸಿರು ಹಂಗೇ ಉಳಿಯುತ್ತೆ. ಬ್ಯಾರನ್ನಲ್ಲೂ ಮೊದಲ ಹಂತದಲ್ಲಿ 32ರಿಂದ 38 ಡಿಗ್ರಿ ಇಟ್ಟು ಒಳಗೆ ತೇವ ಹಿಡಿದಿಡ್ತಾರೆ, ಹಳದಿ ಆದ್ಮೇಲೇ ಶಾಖ ಏರಿಸೋದು. ನಮ್ಮಲ್ಲಿ ಶಾಖ ಫ್ರೀಯಾಗಿ ಸಿಗುತ್ತೆ, ತೇವ ಒಂದೇ ಇಲ್ಲ.

ಎರಡನೇ ಕೊಯ್ಲಿನ ಎಲೆನ ಮೆಟ್ಟಿಲ ಕೆಳಗಿನ ಕತ್ತಲೆ ಜಾಗದಲ್ಲಿ ಒಂದರ ಮೇಲೊಂದು ಪೇರಿಸಿ ಒದ್ದೆ ಗೋಣಿ ಮುಚ್ಚಿದೆ, ದಿನಕ್ಕೆರಡು ಸಲ ತಿರುವಿ ಹಾಕಿದೆ, ಇಲ್ಲಾಂದ್ರೆ ಒಳಗೆ ಬಿಸಿ ಏರಿ ಕಪ್ಪಾಗಿ ಬೂಸ್ಟು ಹಿಡಿಯುತ್ತೆ. ನಾಲ್ಕನೇ ದಿನ ಮಾಗಿದ ಬಾಳೆಹಣ್ಣಿನ ಸಿಪ್ಪೆ ಬಣ್ಣ. ಆಮೇಲೇ ನೆರಳಲ್ಲಿ ನೇತು ಹಾಕಿದ್ದು, ನಡುವಿನ ದಪ್ಪ ನರ ಕಡ್ಡಿ ಥರ ಮುರಿಯೋವರೆಗೂ. ಒಣಗಿದ ಎಲೆನ ಮಧ್ಯಾಹ್ನ ಮುಟ್ಟಿದ್ರೆ ಹಪ್ಪಳ ಪುಡಿ ಆದಂಗೆ ಆಗುತ್ತೆ, ಬೆಳಗಿನ ಜಾವ ಐದಕ್ಕೆ ಗಾಳಿಲಿ ಸ್ವಲ್ಪ ತೇವ ಇರೋವಾಗ ಅದೇ ಎಲೆ ಬಟ್ಟೆ ಥರ ಮೆತ್ತಗಿರುತ್ತೆ, ಕಟ್ಟು ಕಟ್ಟೋಕೆ ಅದೇ ಸಮಯ.

ಬೀಜಕ್ಕೆ ಬಿಟ್ಟ ಆರನೇ ಗಿಡದ ಹೂಗೊಂಚಲಿಗೆ ತೆಳು ಬಟ್ಟೆ ಚೀಲ ಕಟ್ಟಿದ್ದೆ, ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ, ಚಿಂತೆ ಇಲ್ಲ. ಕಾಯಿ ಕಂದಾಗಿ ಅಲ್ಲಾಡಿಸಿದ್ರೆ ಸರ್ ಅಂತ ಸದ್ದು ಬಂದಾಗ ಬಿಡಿಸಿ ಹಳೇ ಹೋಮಿಯೋಪತಿ ಶೀಶೆಗೆ ತುಂಬಿದೆ, ಅರ್ಧ ಶೀಶೆ ಬಂತು. ಅಕ್ಕಸಾಲಿಗರ ಅಂಗಡಿಲಿ ತೂಗಿಸಿ ಎಷ್ಟು ಬೀಜ ಅಂತ ಲೆಕ್ಕ ಹಾಕಬೇಕು, ಪ್ರಾಕ್ಟಿಕಲ್ ರೆಕಾರ್ಡಿಗೆ ಆಗುತ್ತೆ.