ಪದ ಪರಿಚಯ: ಟ್ರಿಪ್ ಕ್ಯಾನ್ಸಲೇಷನ್ ಕವರ್ – ಕ್ರೂಸ್ ಕಂಪನಿಯೇ ಯಾನ ರದ್ದು ಮಾಡಿದಾಗ

ಪ್ರವಾಸ ವಿಮೆಯಲ್ಲಿ 'ಟ್ರಿಪ್ ಕ್ಯಾನ್ಸಲೇಷನ್' ಎಂಬ ಭಾಗವಿರುತ್ತದೆ. ಹೊರಡುವ ಮುಂಚೆಯೇ ಪ್ರವಾಸ ನಿಂತುಹೋದರೆ, ಮೊದಲೇ ಕಟ್ಟಿದ್ದ ಹಣದಲ್ಲಿ ಎಲ್ಲಿಂದಲೂ ವಾಪಸ್ ಬಾರದ ಪಾಲನ್ನು ವಿಮಾ ಕಂಪನಿ ತುಂಬಿಕೊಡುತ್ತದೆ ಎಂಬುದು ಅದರ ಅರ್ಥ. ಇದರಲ್ಲಿ ಎರಡು ಷರತ್ತುಗಳಿವೆ. ಪ್ರವಾಸ ನಿಂತದ್ದು ಪಾಲಿಸಿಯಲ್ಲಿ ಹೆಸರಿಸಿದ ಕಾರಣಕ್ಕೇ ಆಗಿರಬೇಕು. ಆ ಹಣ ನಿಜಕ್ಕೂ ನಷ್ಟವಾಗಿರಬೇಕು. ಕಾಯಿಲೆ ಬಿದ್ದರು, ಅಪಘಾತವಾಯಿತು, ಮನೆಯಲ್ಲಿ ಸಾವಾಯಿತು – ಹೀಗೆ ಪ್ರಯಾಣಿಕರೇ ಹೋಗಲಾಗದ ಸಂದರ್ಭಗಳಿಗಾಗಿ ಹುಟ್ಟಿದ ಕವರ್ ಇದು. ಹಡಗೇ ಹೊರಡದಿದ್ದರೆ ಲೆಕ್ಕಾಚಾರ ಬೇರೆಯಾಗುತ್ತದೆ. ವಿಮೆ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಕೂತವರಿಗೆ ತೊಂದರೆಯಾಗುವುದು ಇಲ್ಲಿಯೇ.

ಕ್ರೂಸ್ (ಹಡಗಿನಲ್ಲಿ ವಿಹಾರ ಪ್ರವಾಸ) ಕಂಪನಿಗಳು ಯಾನ ರದ್ದು ಮಾಡಲು ಕಾರಣಗಳು ಹಲವು. ಎಂಜಿನ್ ಕೆಟ್ಟಿರಬಹುದು, ಡ್ರೈ ಡಾಕ್‌ನಲ್ಲಿ (ನೀರು ಖಾಲಿ ಮಾಡಿ ಹಡಗು ದುರಸ್ತಿ ಮಾಡುವ ಕಟ್ಟೆ) ರಿಪೇರಿ ತಡವಾಗಿರಬಹುದು, ಬಿರುಗಾಳಿ ಬರಬಹುದು, ಬಂದರು ಮುಚ್ಚಬಹುದು. ಇಡೀ ಹಡಗನ್ನು ಯಾವುದೋ ಸಂಸ್ಥೆ ತನ್ನ ಕಾರ್ಯಕ್ರಮಕ್ಕೆ ಬಾಡಿಗೆಗೆ ಹಿಡಿದಿರಬಹುದು. ಹಡಗನ್ನು ಬೇರೆ ಸಮುದ್ರಕ್ಕೆ ಕಳಿಸುವ ತೀರ್ಮಾನವಾಗಿರಬಹುದು. ಕಾರಣ ಏನೇ ಇದ್ದರೂ ಟಿಕೆಟ್ ಹಣ ಹಿಂದಿರುಗಿಸುವ ಹೊಣೆ ಮೊದಲು ಕ್ರೂಸ್ ಕಂಪನಿಯದು, ವಿಮಾ ಕಂಪನಿಯದಲ್ಲ. ಅಮೆರಿಕದ ಬಂದರುಗಳಿಂದ ಹೊರಡುವ, 50 ಅಥವಾ ಅದಕ್ಕಿಂತ ಹೆಚ್ಚು ಪ್ರಯಾಣಿಕರು ಮಲಗಬಲ್ಲ ಹಡಗುಗಳಿಗೆ ಅಲ್ಲಿನ ಸರ್ಕಾರಿ ಸಾಗರ ಸಾರಿಗೆ ನಿಯಂತ್ರಣ ಸಂಸ್ಥೆ ಫೆಡರಲ್ ಮ್ಯಾರಿಟೈಮ್ ಕಮಿಷನ್‌ನ ನಿಯಮ ಅನ್ವಯಿಸುತ್ತದೆ. 2022ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಯಾನ ರದ್ದಾದರೆ ಅಥವಾ ಹಡಗು ಹತ್ತುವುದು 3 ದಿನ ಅಥವಾ ಹೆಚ್ಚು ತಡವಾದರೆ ರೀಫಂಡ್ ಕೇಳಬಹುದು; ಕೇಳಿದ 60 ದಿನದೊಳಗೆ ಅದು ಬರಬೇಕು. ಐರೋಪ್ಯ ಒಕ್ಕೂಟದಲ್ಲಿಯೂ ಬ್ರಿಟನ್ನಿನಲ್ಲಿಯೂ ಕ್ರೂಸ್ ಎಂದರೆ ಪ್ರಯಾಣ, ವಸತಿ ಸೇರಿದ ಪ್ಯಾಕೇಜ್. ಹಾಗಾಗಿ ಪ್ಯಾಕೇಜ್ ಪ್ರವಾಸದ ಕಾನೂನಿನಂತೆ ಹಣ ಹಿಂದಿರುಗಿಸಲು 14 ದಿನದ ಗಡುವು ಇದೆ.

ಕಂಪನಿಗಳು ಸಾಮಾನ್ಯವಾಗಿ ಎರಡು ಆಯ್ಕೆ ಕೊಡುತ್ತವೆ. ಒಂದು ನಗದು ರೀಫಂಡ್. ಇನ್ನೊಂದು ಮುಂದಿನ ಯಾನಕ್ಕೆ ಬಳಸುವ 'ಫ್ಯೂಚರ್ ಕ್ರೂಸ್ ಕ್ರೆಡಿಟ್'. 2020ರಲ್ಲಿ ಕೊರೊನಾದಿಂದ ಹಡಗುಗಳೆಲ್ಲ ನಿಂತಾಗ ಕಟ್ಟಿದ ಹಣದ ಶೇ 125ರಷ್ಟು ಕ್ರೆಡಿಟ್ ಕೊಡುವ ಆಹ್ವಾನಗಳು ಬಂದಿದ್ದವು. ನೋಡಲು ಲಾಭ. ಆದರೆ ವಿಮೆಯ ಕಣ್ಣಿನಲ್ಲಿ ಕ್ರೆಡಿಟ್ ಒಪ್ಪಿಕೊಂಡರೆ ನಿಮಗೆ ಪರಿಹಾರ ಸಿಕ್ಕಿತೆಂದೇ ಅರ್ಥ. ಅದರ ಅವಧಿ ಮುಗಿದು ಹಣ ಕೈತಪ್ಪಿದರೆ ವಿಮೆ ತುಂಬಿಕೊಡುವುದಿಲ್ಲ. ಕಟ್ಟಿದ್ದಕ್ಕಿಂತ ಹೆಚ್ಚಾಗಿ ಕೊಟ್ಟ ಬೋನಸ್ ಭಾಗಕ್ಕಂತೂ ನಗದು ಬೆಲೆಯೇ ಇಲ್ಲ; ಮುಂದಿನ ಯಾನವನ್ನು ನೀವು ರದ್ದು ಮಾಡಬೇಕಾಗಿ ಬಂದರೆ ಆ ಭಾಗಕ್ಕೆ ಕ್ಲೇಮ್ ಸಿಗುವುದು ತೀರಾ ಕಷ್ಟ. ಮತ್ತೆ ಅದೇ ಕಂಪನಿಯ ಹಡಗಿನಲ್ಲಿ ಹೋಗುವುದು ಖಚಿತವಿಲ್ಲದಿದ್ದರೆ ನಗದನ್ನೇ ಕೇಳಿ.

ಹಾಗಾದರೆ ವಿಮೆಯಿಂದ ಏನು ಪ್ರಯೋಜನ? ಕ್ರೂಸ್ ಕಂಪನಿ ವಾಪಸ್ ಕೊಡದ ಉಳಿದ ಖರ್ಚುಗಳಿಗೆ. ನಾಣ್ಯ ಯಾವುದೇ ಆಗಿರಲಿ, ಪ್ರವಾಸದ ಒಟ್ಟು ಖರ್ಚು 1,000 ಎಂದಿಟ್ಟುಕೊಳ್ಳಿ: ಹಡಗಿಗೆ 700, ಬಂದರಿನ ಊರಿಗೆ ಹೋಗಿಬರುವ ವಿಮಾನಕ್ಕೆ 220, ಹಿಂದಿನ ರಾತ್ರಿಯ ಹೋಟೆಲಿಗೆ 80. ಯಾನ ರದ್ದಾದಾಗ 700 ಕ್ರೂಸ್ ಕಂಪನಿಯಿಂದ ಬಂತು. ಉಳಿದ 300ರ ಪ್ರಶ್ನೆ ಮಾತ್ರ ವಿಮೆಯದು. ಅದರಲ್ಲೂ ವಿಮಾನ ಕಂಪನಿ 150 ವಾಪಸ್ ಕೊಟ್ಟರೆ ಕ್ಲೇಮ್ 150ಕ್ಕೆ ಇಳಿಯುತ್ತದೆ. ವಿಮಾನ ಕಂಪನಿ ನಗದಿನ ಬದಲು ಕ್ರೆಡಿಟ್ ಕೊಟ್ಟರೂ ಹಲವು ವಿಮಾ ಕಂಪನಿಗಳು ಅದನ್ನು ಹಣ ಬಂದಂತೆಯೇ ಎಣಿಸುತ್ತವೆ. ಸ್ವತಂತ್ರವಾಗಿ ಬುಕ್ ಮಾಡಿದ ವಿಮಾನದ ಬದಲಾವಣೆ ಶುಲ್ಕವನ್ನು ಕ್ರೂಸ್ ಕಂಪನಿಗಳೇ ಒಂದು ಮಿತಿಯವರೆಗೆ ಭರಿಸುವುದೂ ಉಂಟು; ಅದನ್ನು ಮೊದಲು ಕೇಳಿ. ವಿಮಾನವನ್ನೂ ಕ್ರೂಸ್ ಕಂಪನಿಯ ಮೂಲಕವೇ ಬುಕ್ ಮಾಡಿದ್ದರೆ ಆ ಹಣವೂ ಟಿಕೆಟ್ ಜೊತೆಗೇ ಹಿಂದಿರುಗುವುದು ರೂಢಿ.

ಈ ಉಳಿದ ಹಣ ಸಿಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ರದ್ದತಿಯ ಕಾರಣ. ಹೆಚ್ಚಿನ ಪಾಲಿಸಿಗಳು 'ಹೆಸರಿಸಿದ ಕಾರಣ'ಗಳ ಪಾಲಿಸಿಗಳು: ಪಟ್ಟಿಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಟ್ಟ ಹವಾಮಾನ, ಮುಷ್ಕರ, ಯಾಂತ್ರಿಕ ದೋಷ, ನೈಸರ್ಗಿಕ ವಿಕೋಪದಿಂದ ಪ್ರಯಾಣ ಸೇವೆ ಪೂರ್ತಿಯಾಗಿ ನಿಂತುಹೋದರೆ ಎಂಬ ಸಾಲು ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ 12, 24 ಅಥವಾ 48 ಗಂಟೆ ಸತತವಾಗಿ ಸೇವೆ ನಿಂತಿರಬೇಕೆಂಬ ಷರತ್ತು ಅಂಟಿಕೊಂಡಿರುತ್ತದೆ. ಆದರೆ 'ಕಾರ್ಯಾಚರಣೆಯ ಕಾರಣಗಳಿಂದ', 'ಹಡಗು ಚಾರ್ಟರ್ ಆಗಿರುವುದರಿಂದ', 'ವೇಳಾಪಟ್ಟಿ ಬದಲಾದ್ದರಿಂದ' ಎಂದು ಕ್ರೂಸ್ ಕಂಪನಿ ಬರೆದರೆ ಅವು ಸಾಮಾನ್ಯ ಪಾಲಿಸಿಗಳ ಪಟ್ಟಿಯಲ್ಲಿ ಇರುವುದು ಅಪರೂಪ. ಒಂದೇ ಎಂಜಿನ್ ದೋಷಕ್ಕೆ ಒಬ್ಬರಿಗೆ ಹಣ ಬಂದು ಇನ್ನೊಬ್ಬರಿಗೆ ಬಾರದಿರಲು ಪತ್ರದ ಒಕ್ಕಣೆಯೇ ಕಾರಣವಾಗಬಹುದು. ಆದ್ದರಿಂದ ರದ್ದತಿ ಪತ್ರದಲ್ಲಿ ನಿಖರ ಕಾರಣವನ್ನು ಬರೆದುಕೊಡುವಂತೆ ಕೇಳುವುದು ಮೊದಲ ಕೆಲಸ.

'ಕ್ಯಾನ್ಸಲ್ ಫಾರ್ ಎನಿ ರೀಸನ್' (ಯಾವ ಕಾರಣಕ್ಕಾದರೂ ರದ್ದು) ಎಂಬ ಹೆಚ್ಚುವರಿ ಕವರ್ ಇದ್ದವರಿಗೆ ಪಟ್ಟಿಯ ಕಾಟವಿಲ್ಲ. ಆದರೆ ಅದು ಕೊಡುವುದು ನಷ್ಟದ ಶೇ 50ರಿಂದ 75ರಷ್ಟು ಮಾತ್ರ. ಸಾಮಾನ್ಯವಾಗಿ ಮೊದಲ ಮುಂಗಡ ಕಟ್ಟಿದ 14ರಿಂದ 21 ದಿನದೊಳಗೆ ಕೊಂಡಿರಬೇಕು, ಪ್ರವಾಸದ ಪೂರ್ತಿ ಖರ್ಚಿಗೆ ವಿಮೆ ಇಳಿಸಿರಬೇಕು, ಹೊರಡುವ ದಿನಕ್ಕೆ 48 ಗಂಟೆ ಇರುವಾಗಲೇ ರದ್ದು ಮಾಡಿರಬೇಕು. ಯಾನ ರದ್ದಾದ ಸುದ್ದಿ ಕೊನೆಯ ದಿನ ಬಂದರೆ ಈ ಗಡುವು ಮೀರಿರುತ್ತದೆ.

ಇನ್ನು ಪಾಲಿಸಿ ಏನಾಗುತ್ತದೆ? ಯಾನ ರದ್ದಾಯಿತೆಂದು ಪಾಲಿಸಿ ತಾನಾಗಿ ರದ್ದಾಗುವುದಿಲ್ಲ. ಪ್ರೀಮಿಯಂ ತಾನಾಗಿ ಮರಳುವುದೂ ಇಲ್ಲ. ಕೊಂಡ ಮೊದಲ 10–15 ದಿನದ ಫ್ರೀ ಲುಕ್ ಅವಧಿ (ಪಾಲಿಸಿ ಓದಿ ನೋಡಿ, ಬೇಡವೆಂದರೆ ಹಿಂದಿರುಗಿಸುವ ಅವಧಿ) ಕಳೆದರೆ ಪ್ರೀಮಿಯಂ ಹಿಂದಿರುಗಿಸುವುದಿಲ್ಲ ಎಂಬುದು ಬಹುತೇಕ ಪಾಲಿಸಿಗಳ ಮೂಲ ನಿಯಮ. ಇದಕ್ಕೆ ಕಾರಣವಿದೆ. ಕ್ಯಾನ್ಸಲೇಷನ್ ಕವರ್ ಪಾಲಿಸಿ ಕೊಂಡ ಮರುದಿನದಿಂದಲೇ ಶುರುವಾಗುತ್ತದೆ; ಅಷ್ಟು ತಿಂಗಳು ನೀವು ಕಾಯಿಲೆ ಬಿದ್ದಿದ್ದರೆ ಕಂಪನಿ ಹಣ ಕೊಡಬೇಕಿತ್ತು. ಆಸ್ಪತ್ರೆ, ಲಗೇಜು, ತುರ್ತು ಸಾಗಣೆಯ ಕವರ್‌ಗಳು ಮಾತ್ರ ಹೊರಟ ದಿನದಿಂದ ಜಾರಿಗೆ ಬರುತ್ತವೆ. ಆ ಎರಡನೇ ಭಾಗ ಇನ್ನೂ ಶುರುವಾಗಿಲ್ಲ, ಹಡಗಿನ ಹಣ ಪೂರ್ತಿ ಬಂದಿದೆ, ಬೇರೆ ಕ್ಲೇಮ್ ಏನೂ ಇಲ್ಲ ಎಂದಾದರೆ ಹಲವು ಕಂಪನಿಗಳು ಪ್ರೀಮಿಯಂ ವಾಪಸ್ ಕೊಡಲು, ಇಲ್ಲವೇ ಪಾಲಿಸಿಯನ್ನು ಹೊಸ ದಿನಾಂಕಕ್ಕೆ ಬದಲಿಸಲು ಒಪ್ಪುತ್ತವೆ. ಆದರೆ ಮನವಿ ಹಳೆಯ ಹೊರಡುವ ದಿನಾಂಕಕ್ಕಿಂತ ಮೊದಲೇ ತಲುಪಬೇಕು. ಆ ದಿನ ದಾಟಿದರೆ, ನೀವು ಮನೆಯಲ್ಲಿಯೇ ಇದ್ದರೂ, ಪಾಲಿಸಿ ಜಾರಿಯಾಗಿದೆ ಎಂದೇ ದಾಖಲಾಗುತ್ತದೆ. ವಿಮಾನದ ನಷ್ಟಕ್ಕೆ ಕ್ಲೇಮ್ ಪಡೆದರೆ ಪ್ರೀಮಿಯಂ ಮರಳುವುದಿಲ್ಲ. ಯಾವುದು ದೊಡ್ಡ ಮೊತ್ತವೋ ಲೆಕ್ಕ ಹಾಕಿ ಆರಿಸಿ. ಕ್ರೂಸ್ ಕಂಪನಿಯೇ ಟಿಕೆಟ್ ಜೊತೆ ಮಾರಿದ ವಿಮೆಯಾದರೆ ಪ್ರೀಮಿಯಂ ಸಾಮಾನ್ಯವಾಗಿ ಟಿಕೆಟ್ ರೀಫಂಡ್‌ನಲ್ಲಿಯೇ ಸೇರಿರುತ್ತದೆ. ವಾರ್ಷಿಕ ಪಾಲಿಸಿ ಇದ್ದವರಿಗೆ ಈ ಪ್ರಶ್ನೆಯೇ ಇಲ್ಲ, ಅದು ವರ್ಷಪೂರ್ತಿ ನಡೆಯುತ್ತದೆ.

ಸಕ್ಕರೆ ಕಾಯಿಲೆ, ಹೃದಯದ ತೊಂದರೆಯಂಥ ಹಳೆಯ ಕಾಯಿಲೆ ಇರುವವರು ಪ್ರೀಮಿಯಂ ವಾಪಸ್ ಪಡೆಯುವ ಮುನ್ನ ಇನ್ನೊಮ್ಮೆ ಯೋಚಿಸಬೇಕು. ಪಾಲಿಸಿ ಕೊಂಡ ದಿನದಿಂದ ಹಿಂದಿನ 60ರಿಂದ 180 ದಿನಗಳಲ್ಲಿ ಚಿಕಿತ್ಸೆ ಅಥವಾ ಔಷಧಿ ಬದಲಾಗಿದೆಯೇ ಎಂದು ವಿಮಾ ಕಂಪನಿಗಳು ನೋಡುತ್ತವೆ. ಹೊಸ ಪಾಲಿಸಿ ಕೊಂಡರೆ ಈ ಎಣಿಕೆ ಹೊಸ ದಿನದಿಂದ ಶುರುವಾಗುತ್ತದೆ. ನಡುವೆ ಔಷಧಿ ಬದಲಾಗಿದ್ದರೆ ಆ ಕಾಯಿಲೆ ಕವರ್‌ನಿಂದ ಹೊರಗೆ ಬೀಳಬಹುದು. ಹಳೆಯ ಪಾಲಿಸಿಯನ್ನೇ ಮುಂದಿನ ಯಾನಕ್ಕೆ ಬದಲಿಸಿದರೆ ಮೊದಲು ಕೊಂಡ ದಿನಾಂಕವೇ ಉಳಿಯುತ್ತದೆಯೇ ಎಂದು ಬರಹದಲ್ಲಿ ಕೇಳಿ. ಉಳಿಯುವುದಾದರೆ ಇಂಥವರಿಗೆ ಪ್ರೀಮಿಯಂ ಹಣಕ್ಕಿಂತ ಬದಲಾವಣೆಯೇ ಮೇಲು.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಆತುರ. ಬಿರುಗಾಳಿಯ ಸುದ್ದಿ ಕೇಳಿ, ಅಥವಾ ಹಡಗು ರಿಪೇರಿಯಲ್ಲಿದೆ ಎಂಬ ಗಾಳಿಮಾತು ನಂಬಿ, ಕ್ರೂಸ್ ಕಂಪನಿ ಘೋಷಿಸುವ ಮುಂಚೆಯೇ ನೀವು ಬುಕಿಂಗ್ ಕೈಬಿಟ್ಟರೆ ರದ್ದು ಮಾಡಿದವರು ನೀವೇ ಆಗುತ್ತೀರಿ. ಆಗ ರೀಫಂಡ್ ಬದಲು ದಂಡದ ಪಟ್ಟಿ ಅನ್ವಯಿಸುತ್ತದೆ. ಹೊರಡುವ ದಿನ ಹತ್ತಿರವಾದಷ್ಟೂ ದಂಡ ಏರುತ್ತ, ಕೊನೆಯ ವಾರಗಳಲ್ಲಿ ಪೂರ್ತಿ ಟಿಕೆಟ್ ಹಣವೇ ಹೋಗುತ್ತದೆ; ತೆರಿಗೆ ಮತ್ತು ಬಂದರು ಶುಲ್ಕ ಮಾತ್ರ ಮರಳುತ್ತದೆ. 'ಭಯವಾಯಿತು' ಎಂಬುದು ಯಾವ ಪಟ್ಟಿಯಲ್ಲಿಯೂ ಇರುವ ಕಾರಣವಲ್ಲ. ಅಧಿಕೃತ ಪತ್ರ ಬರುವವರೆಗೆ ಕಾಯಿರಿ. ಬಂದ ಕೂಡಲೇ ತಡಮಾಡದೆ ವಿಮಾನ, ಹೋಟೆಲ್ ರದ್ದು ಮಾಡಿ. ನಿಮ್ಮ ವಿಳಂಬದಿಂದ ಹೆಚ್ಚಾದ ನಷ್ಟವನ್ನು ವಿಮಾ ಕಂಪನಿ ಕಡಿತಗೊಳಿಸುತ್ತದೆ.

ಕ್ರೂಸ್ ಕಂಪನಿಯೇ ದಿವಾಳಿಯಾದರೆ ರೀಫಂಡ್ ಕೊಡುವವರೇ ಇರುವುದಿಲ್ಲ. 2020ರ ಜುಲೈನಲ್ಲಿ ಬ್ರಿಟನ್ನಿನ ಕ್ರೂಸ್ ಆ್ಯಂಡ್ ಮ್ಯಾರಿಟೈಮ್ ವಾಯೇಜಸ್, 2022ರ ಆರಂಭದಲ್ಲಿ ಕ್ರಿಸ್ಟಲ್ ಕ್ರೂಸಸ್ ಹೀಗೆ ಕುಸಿದವು. ಇದಕ್ಕೆ 'ಫೈನಾನ್ಶಿಯಲ್ ಡಿಫಾಲ್ಟ್' ಎಂಬ ಪ್ರತ್ಯೇಕ ಕವರ್ ಬೇಕು. ಅದೂ ಮೊದಲ ಮುಂಗಡದ ಕೆಲವೇ ದಿನದೊಳಗೆ ಪಾಲಿಸಿ ಕೊಂಡಿದ್ದರೆ, ಮತ್ತು ಪಾಲಿಸಿ ಜಾರಿಯಾಗಿ 10 ಅಥವಾ 14 ದಿನ ಕಳೆದ ಮೇಲೆ ದಿವಾಳಿಯಾದರೆ ಮಾತ್ರ ಸಿಗುವುದು ಸಾಮಾನ್ಯ. ಕ್ರೂಸ್ ಕಂಪನಿ ಮಾರುವ ವಿಮೆ ಸಾಮಾನ್ಯವಾಗಿ ಅದೇ ಕಂಪನಿಯ ದಿವಾಳಿಯನ್ನು ಕವರ್ ಮಾಡುವುದಿಲ್ಲ. ಕಾರ್ಡಿನಲ್ಲಿ ಪಾವತಿಸಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್ (ಕಾರ್ಡ್ ಪಾವತಿಯನ್ನು ಹಿಂದಕ್ಕೆ ಪಡೆಯುವುದು) ಕೇಳುವ ದಾರಿಯೂ ಇದೆ.

ಕ್ಲೇಮ್ ಹಾಕುವಾಗ ಕಾರಣ ನಮೂದಿಸಿದ ರದ್ದತಿ ಪತ್ರ, ಕ್ರೂಸ್‌ನ ಮೂಲ ಇನ್‌ವಾಯ್ಸ್, ಹಣ ಕಟ್ಟಿದ್ದಕ್ಕೆ ಬ್ಯಾಂಕ್ ಅಥವಾ ಕಾರ್ಡ್ ಸ್ಟೇಟ್‌ಮೆಂಟ್, ಎಷ್ಟು ಹಣ ಯಾವ ರೂಪದಲ್ಲಿ ಮರಳಿತೆಂಬ ದಾಖಲೆ, ಹಣ ಮರಳುವುದಿಲ್ಲವೆಂದು ವಿಮಾನ ಕಂಪನಿ ಮತ್ತು ಹೋಟೆಲ್ ಬರೆದುಕೊಟ್ಟ ಉತ್ತರ – ಇಷ್ಟೂ ಒಟ್ಟಿಗಿರಲಿ. ಕೊನೆಯದನ್ನು ಜನ ಮರೆಯುತ್ತಾರೆ. ಅದಿಲ್ಲದೆ ಫೈಲು ಮುಂದೆ ಸಾಗದು. ಹಲವು ಪಾಲಿಸಿಗಳಲ್ಲಿ ನಷ್ಟದ ಸೂಚನೆಗೆ 20 ದಿನ, ದಾಖಲೆ ಸಲ್ಲಿಕೆಗೆ 90 ದಿನದ ಗಡುವಿರುತ್ತದೆ. ರೀಫಂಡ್ ಇನ್ನೂ ಬಂದಿಲ್ಲವೆಂದು ಸೂಚನೆ ಕೊಡಲು ಕಾಯಬೇಡಿ. ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಕಲಮಿನ ಪ್ರಕಾರ ಎಂದು ಬರಹದಲ್ಲಿ ಕೇಳಿ, ಆ ಕಲಮನ್ನು ರದ್ದತಿ ಪತ್ರದ ಪಕ್ಕದಲ್ಲಿಟ್ಟು ಓದಿ, ಅದಕ್ಕೇ ಉತ್ತರವಾಗಿ ಮೇಲ್ಮನವಿ ಬರೆಯಿರಿ.